ಸಾಲ ಅಸಲಿ, ಫೋನ್ ನಕಲಿ: ರಿಕವರಿ ಕಾಲಿಂಗ್ ಕೆಲಸದಲ್ಲಿ ನಾನು ತಡವಾಗಿ ಕಲ್ತಿದ್ದು

ನಾನು ಲೋನ್ ಕಲೆಕ್ಷನ್ ಟೀಮಲ್ಲಿದೀನಿ. ಇಎಂಐ ಬೌನ್ಸ್ ಆದ್ಮೇಲೆ "ಸರ್ ಈ ತಿಂಗಳ ಕಂತು ಬಾಕಿ ಇದೆ" ಅಂತ ಫೋನ್ ಬರತ್ತಲ್ಲ, ಅದನ್ನ ಮಾಡೋನು ನಾನೇ. ಆರು ವರ್ಷ ಆಯ್ತು, ಬೈಸಿಕೊಳ್ಳೋದು ಅಭ್ಯಾಸ ಆಗಿದೆ. ನಮ್ಮ ಹೆಸರು ಹೇಳ್ಕೊಂಡು ನಕಲಿ ರಿಕವರಿ ಕಾಲ್ ಮಾಡೋರ ಬಗ್ಗೆ ಸ್ವಲ್ಪ ಬರೀಬೇಕು ಅಂತ ತುಂಬಾ ದಿನದಿಂದ ಇತ್ತು, ಬರೀದೇ ಇದ್ದಿದ್ದಕ್ಕೆ ಕಾರಣ ಏನಂದ್ರೆ ಆ ಕಥೆಯಲ್ಲಿ ನಂದೂ ತಪ್ಪಿದೆ.

ಒಂದಿನ ಸಂಜೆ ಡಯಲರ್, ಅಂದ್ರೆ ತಾನೇ ನಂಬರ್ ಹಾಕಿಕೊಡೋ ನಮ್ಮ ಸಿಸ್ಟಮ್, ಒಂದು ನಂಬರ್ ಕನೆಕ್ಟ್ ಮಾಡ್ತು. ಪರ್ಸನಲ್ ಲೋನು, ಕಂತು ತಪ್ಪಿ 61ರಿಂದ 90 ದಿನ ಆದೋರ ಬಕೆಟ್, ಅಂದ್ರೆ ಇನ್ನೊಂದಿಷ್ಟು ದಿನ ಕಟ್ಟದಿದ್ರೆ ಎನ್‌ಪಿಎ, ಬ್ಯಾಂಕಿನ ಲೆಕ್ಕದಲ್ಲಿ ಕೆಟ್ಟ ಸಾಲ. ಆ ಕಡೆ ಒಬ್ರು ಮೇಡಂ. ನಾನು ಬಾಕಿ ವಿಷ್ಯ ಎತ್ತಿದ ತಕ್ಷಣ "ಅಯ್ಯೋ ಸರ್, ನಿನ್ನೆ ತಾನೇ ಕಟ್ಟಿದ್ನಲ್ಲ, ನಿಮ್ಮೋರೇ ಅಲ್ವಾ ಸೆಟ್ಲ್‌ಮೆಂಟ್ ಮಾಡ್ಕೊಟ್ಟಿದ್ದು" ಅಂದ್ರು. ಸಿಸ್ಟಮ್‌ನಲ್ಲಿ ಒಂದು ರೂಪಾಯಿ ಬಂದಿರ್ಲಿಲ್ಲ. ನಮ್ಮ ಕೆಲಸದಲ್ಲಿ "ಕಟ್ಟಾಯ್ತು" ಅನ್ನೋ ಮಾತು ದಿನಾ ಕೇಳ್ತೀವಿ, ಅರ್ಧಕ್ಕರ್ಧ ತಪ್ಪಿಸ್ಕೊಳ್ಳೋಕೆ ಹೇಳೋದು, ಅದಕ್ಕೇ ಅಂತ ಒಂದು ಕೋಡ್ ಕೂಡ ಇದೆ, "ಕ್ಲೈಮ್ಸ್ ಪೇಯ್ಡ್" ಅಂತ. ಅದನ್ನ ಒತ್ತಿ ಮುಂದಿನ ಕಾಲಿಗೆ ಹೋದೆ. ಯಾರಿಗೆ ಕಟ್ಟಿದ್ರಿ, ಎಲ್ಲಿಗೆ ಕಟ್ಟಿದ್ರಿ ಅಂತ ಒಂದು ಮಾತು ಕೇಳ್ಲಿಲ್ಲ.

ನಾಲ್ಕು ದಿನ ಆದ್ಮೇಲೆ ಅದೇ ನಂಬರ್ ಮತ್ತೆ ನನಗೇ ಬಂತು. ಈ ಸಲ ಮೇಡಂ ಅಳ್ತಾ ಇದ್ರು. ಬ್ರಾಂಚಿಗೆ ಹೋಗಿದ್ರಂತೆ, ಅಲ್ಲಿ ಸ್ಕ್ರೀನ್‌ಶಾಟ್ ನೋಡಿ ಇದು ನಮ್ಮ ಖಾತೆ ಅಲ್ಲ ಅಂದ್ರಂತೆ. ದುಡ್ಡು ಯುಪಿಐನಲ್ಲಿ ಯಾವನೋ ಒಬ್ಬ ವ್ಯಕ್ತಿಯ ಹೆಸರಿಗೆ ಹೋಗಿತ್ತು. ಅವ್ರ ಹತ್ರ ಸೆಟ್ಲ್‌ಮೆಂಟ್ ಲೆಟರ್ ಅಂತ ಒಂದು ಪಿಡಿಎಫ್ ಇತ್ತು, ಲೋಗೋ ಸಮೇತ. ಲೋನ್ ನಂಬರ್ ಸರಿ, ಬಾಕಿ ಹತ್ತಿರ ಹತ್ತಿರ ಸರಿ, ಇಎಂಐ ತಾರೀಖೂ ಸರಿ. ನಾನು ಮೊದಲ್ನೇ ದಿನವೇ "ಮೇಡಂ ಈಗ್ಲೇ 1930ಗೆ ಫೋನ್ ಮಾಡಿ" ಅಂದಿದ್ರೆ ಸ್ವಲ್ಪನಾದ್ರೂ ಉಳೀತಿತ್ತೇನೋ. 1930 ಅಂದ್ರೆ ಸೈಬರ್ ವಂಚನೆಯ ಸಹಾಯವಾಣಿ, ಅಲ್ಲಿ ದೂರು ದಾಖಲಾದ್ರೆ ಬ್ಯಾಂಕುಗಳಿಗೆ ಮಾಹಿತಿ ಹೋಗಿ ದುಡ್ಡು ಯಾವ ಖಾತೆಯಲ್ಲಿ ನಿಂತಿದ್ಯೋ ಅಲ್ಲೇ ಹಿಡಿದಿಡೋಕೆ ನೋಡ್ತಾರೆ, ಆದ್ರೆ ಅದು ನಿಂತಿದ್ರೆ ತಾನೇ, ನಾಲ್ಕು ದಿನ ಯಾವ ಕಳ್ಳನ ದುಡ್ಡೂ ಒಂದೇ ಖಾತೆಯಲ್ಲಿ ಕೂತಿರಲ್ಲ.

ಆಮೇಲೆ ಆ ನಕಲಿ ಕಾಲ್ ಬಗ್ಗೆ ಮೇಡಂ ಹೇಳಿದ್ದನ್ನೆಲ್ಲ ನಿಧಾನಕ್ಕೆ ಕೇಳ್ದೆ. ನನಗೆ ಆಶ್ಚರ್ಯ ಆಗಿದ್ದು ಎರಡು ವಿಷ್ಯಕ್ಕೆ.

ಒಂದು, ಅವನು ಬೆದರಿಸ್ಲೇ ಇಲ್ಲ. ನಮಗಿಂತ ಮರ್ಯಾದೆಯಾಗಿ ಮಾತಾಡಿದಾನೆ. "ಮೇಡಂ ನಿಮ್ಮ ಕಷ್ಟ ಅರ್ಥ ಆಗತ್ತೆ, ಮೇಲಿನೋರ ಹತ್ರ ಮಾತಾಡಿ ಅರ್ಧಕ್ಕೆ ಮುಗಿಸಿಕೊಡ್ತೀನಿ, ಆಫರ್ ಇವತ್ತೇ ಕೊನೆ" ಅಂದಿದಾನೆ. ನಕಲಿ ಅಂದ್ರೆ ಗದರಿಸ್ತಾನೆ ಅಂತ ನಾವೆಲ್ಲ ಅಂದ್ಕೊಂಡಿರ್ತೀವಿ. ಗದರಿಸೋರೂ ಇದಾರೆ, ಆದ್ರೆ ಧ್ವನಿ ನೋಡಿ ಅಸಲಿ ನಕಲಿ ಹೇಳೋಕಾಗಲ್ಲ, ಯಾಕಂದ್ರೆ ನಮ್ಮ ಲೈನಲ್ಲಿ ಅಸಲಿ ಆಗಿದ್ದೂ ಬಾಯಿಗೆ ಬಂದಂಗೆ ಮಾತಾಡೋರು ಇದಾರೆ, ಸುಳ್ಳು ಯಾಕೆ ಹೇಳ್ಲಿ.

ಇನ್ನೊಂದು, ಸಾಲ ನಿಜ. ಎಲ್ಲಾ ಕಡೆ ಬರೋ ಸಲಹೆ ಏನು, "ನೀವು ಸಾಲ ಮಾಡಿಲ್ಲ ಅಂದ್ರೆ ಹೆದರಬೇಡಿ". ಸರಿ, ಸಾಲ ಮಾಡಿರೋರು ಏನ್ ಮಾಡ್ಬೇಕು? ಕಳ್ಳರಿಗೆ ಸಲೀಸಾಗಿ ಸಿಗೋರು ಇವ್ರೇ. ಕಂತು ತಪ್ಪಿದೆ ಅನ್ನೋ ಅಳುಕು ಒಳಗೆ ಇರತ್ತೆ, ಮನೇಲಿ ಹೇಳಿರಲ್ಲ, ಫೋನ್ ರಿಂಗ್ ಆದ್ರೆ ಎದೆ ಧಸಕ್ ಅನ್ನತ್ತೆ, ಯಾರೋ ಲೋನ್ ನಂಬರ್ ಸರಿಯಾಗಿ ಹೇಳಿದ ತಕ್ಷಣ ಪ್ರಶ್ನೆ ಕೇಳೋ ಹಕ್ಕೇ ನಮಗಿಲ್ಲ ಅನ್ಸಿಬಿಡತ್ತೆ. ಆ ಮಾಹಿತಿ ಎಲ್ಲಿಂದ ಸೋರತ್ತೆ ಅಂತ ಕೇಳಿದ್ರೆ, ಕೇಸ್ ಲಿಸ್ಟ್‌ಗಳು ಎಕ್ಸೆಲ್ ಶೀಟ್ ಆಗಿ ವಾಟ್ಸಾಪಲ್ಲಿ ಓಡಾಡೋದನ್ನ ನಾನೇ ಕಣ್ಣಾರೆ ನೋಡಿದೀನಿ, ಇಷ್ಟು ಸಾಕು. ಹಾಗಾಗಿ ನಿಮ್ಮ ಲೋನ್ ನಂಬರ್, ಬಾಕಿ, ಜನ್ಮದಿನಾಂಕ ಇದೆಲ್ಲ ಗೊತ್ತಿರೋನು ನಿಮ್ಮ ಬ್ಯಾಂಕಿನವನೇ ಆಗಿರ್ಬೇಕು ಅಂತ ಏನಿಲ್ಲ.

ಮತ್ತೆ ಗುರುತು ಹಿಡಿಯೋದು ಹೆಂಗೆ? ಒಳಗಿಂದ ನೋಡಿರೋನು ಹೇಳ್ತೀನಿ ಕೇಳಿ, ಇದನ್ನ ಹೊರಗಡೆ ಯಾರೂ ಹೇಳಲ್ಲ. ಅಸಲಿ ಕಾಲರ್‌ಗೆ ನಿಮ್ಮ ಫೋನ್ ಬೇಗ ಇಡ್ಬೇಕು. ನಮಗೆ ದಿನಕ್ಕೆ ಇಷ್ಟು ಕಾಲ್ ಅಂತ ಟಾರ್ಗೆಟ್ ಇರತ್ತೆ, ಒಂದೊಂದು ಕಾಲ್ ಎಷ್ಟು ಹೊತ್ತು ಹೋಯ್ತು ಅಂತ ಲೆಕ್ಕ ಇರತ್ತೆ, ಹಿಂದೆ ಟಿಎಲ್, ಅಂದ್ರೆ ಟೀಮ್ ಲೀಡರ್, ನಿಂತಿರ್ತಾರೆ. ನಮಗೆ ಬೇಕಾಗಿರೋದು ಒಂದು ಪಿಟಿಪಿ, ಅಂದ್ರೆ ಯಾವತ್ತು ಕಟ್ತೀರ ಅಂತ ನಿಮ್ಮ ಬಾಯಿಂದ ಒಂದು ತಾರೀಖು, ಅದು ಸಿಕ್ತೋ ಮುಗೀತು. ನಲವತ್ತು ನಿಮಿಷ ಲೈನಲ್ಲಿ ಕೂರಿಸ್ಕೊಂಡು, "ಕಟ್ ಮಾಡ್ಬೇಡಿ, ಹೋಲ್ಡಲ್ಲೇ ಇರಿ, ಈಗ ಆ್ಯಪ್ ಓಪನ್ ಮಾಡಿ, ಯಾರಿಗೂ ಹೇಳ್ಬೇಡಿ" ಅಂತ ಹಿಂದೆ ಬೀಳೋ ಪುರುಸೊತ್ತು ಯಾವ ಅಸಲಿ ಕಾಲರ್‌ಗೂ ಇಲ್ಲ. "ನಾನು ಫೋನ್ ಇಟ್ಟು ಲೋನ್ ಕೊಟ್ಟೋರಿಗೇ ಮಾಡಿ ಕೇಳ್ತೀನಿ" ಅಂತ ಹೇಳಿ ನೋಡಿ. ಅಸಲಿಯವನು ಮುಖ ಸಿಂಡರಿಸ್ಕೊಂಡಾದ್ರೂ "ಆಯ್ತು ಸರ್, ಕೇಳಿ" ಅಂತಾನೆ. ನಕಲಿಯವನಿಗೆ ಮಾತ್ರ ಆ ಫೋನ್ ಇಟ್ರೆ ಆಟ ಮುಗೀತು, ಅದಕ್ಕೇ ಅಲ್ಲಿಂದ ಟೋನ್ ಬದಲಾಗತ್ತೆ, ಸೀನಿಯರ್ ಬರ್ತಾನೆ, ವಕೀಲ ಬರ್ತಾನೆ, ಕೊನೆಗೆ ಇನ್ಸ್‌ಪೆಕ್ಟರೂ ಬರ್ತಾನೆ, ಎಲ್ಲಾ ಒಂದೇ ರೂಮಲ್ಲಿ ಕೂತಿರ್ತಾರೆ.

ವಾಪಸ್ ಫೋನ್ ಮಾಡುವಾಗ ಅವನು ಕೊಟ್ಟ ನಂಬರಿಗೆ ಮಾಡ್ಬೇಡಿ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ಅಂತ ಹುಡುಕಿ ಮೊದ್ಲು ಸಿಕ್ಕಿದ ನಂಬರಿಗೂ ಬೇಡ, ಅಲ್ಲೂ ನಕಲಿ ನಂಬರ್ ಹಾಕಿರ್ತಾರೆ. ನಿಮ್ಮ ಸ್ಯಾಂಕ್ಷನ್ ಲೆಟರ್, ಲೋನ್ ಅಗ್ರಿಮೆಂಟ್, ಪಾಸ್‌ಬುಕ್, ಬ್ಯಾಂಕಿನ ಆ್ಯಪ್, ಇದ್ರಲ್ಲಿ ಇರೋ ನಂಬರ್. ಹತ್ರ ಬ್ರಾಂಚ್ ಇದ್ರೆ ಹೋಗೋದು ಇನ್ನೂ ಒಳ್ಳೇದು.

ದುಡ್ಡು ಎಲ್ಲಿಗೆ ಹೋಗ್ತಿದೆ ಅನ್ನೋದೇ ಕೊನೆಗೆ ನಿಜ ಹೇಳೋದು. ಡಿಜಿಟಲ್ ಲೋನ್‌ಗಳಿಗೆ ಆರ್‌ಬಿಐ 2022ರ ಸೆಪ್ಟೆಂಬರಲ್ಲೇ ಹೇಳಿದೆ, ಕಂತು ಸಾಲಗಾರರ ಖಾತೆಯಿಂದ ನೇರವಾಗಿ ಸಾಲ ಕೊಟ್ಟ ಸಂಸ್ಥೆಯ ಖಾತೆಗೇ ಹೋಗ್ಬೇಕು, ಮಧ್ಯೆ ಯಾರ ಖಾತೆಯಲ್ಲೂ ನಿಲ್ಲಂಗಿಲ್ಲ ಅಂತ. ಯುಪಿಐನಲ್ಲಿ ಪಿನ್ ಹಾಕೋ ಮುಂಚೆ ಹೆಸರು ಕಾಣಿಸತ್ತೆ, ಅಲ್ಲಿ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ ಹೆಸರಿನ ಬದಲು ಒಬ್ಬ ಮನುಷ್ಯನ ಹೆಸರು ಬಂದ್ರೆ ಅಲ್ಲೇ ನಿಲ್ಸಿ, "ಅದು ನಮ್ಮ ಮ್ಯಾನೇಜರ್ ಖಾತೆ" ಅಂದ್ರೂ ನಿಲ್ಸಿ. ನಿಜವಾದ ಕಂಪನಿಗಳೂ ಪೇಮೆಂಟ್ ಲಿಂಕ್ ಕಳಿಸ್ತಾರೆ, ಇಲ್ಲ ಅನ್ನಲ್ಲ, ಆದ್ರೂ ಫೋನಲ್ಲಿ ಬಂದ ಲಿಂಕ್ ಮುಟ್ಟದೆ ನೀವೇ ಆ್ಯಪ್ ತೆಗೆದು ಕಟ್ಟಿ, ಯಾವ ಅಸಲಿ ಕಾಲರ್‌ಗೂ ಅದ್ರಿಂದ ನಷ್ಟ ಇಲ್ಲ, ನನ್ನ ಲೆಕ್ಕಕ್ಕೆ ಪೇಮೆಂಟ್ ಬಂದಂಗೇ. ಸೆಟ್ಲ್‌ಮೆಂಟ್ ಅಂದ್ರಂತೂ ಬ್ಯಾಂಕಿಂದಾನೇ ಲೆಟರ್ ಖಾತ್ರಿ ಆಗೋವರೆಗೂ ಒಂದು ಪೈಸೆ ಬೇಡ. ಪಿಡಿಎಫ್ ಮಾಡೋಕೆ ಹತ್ತು ನಿಮಿಷ ಸಾಕು.

ರೂಲ್ಸ್ ವಿಷ್ಯ ಸ್ವಲ್ಪ ಬೇಗ ಹೇಳಿ ಮುಗಿಸ್ತೀನಿ. ಆರ್‌ಬಿಐ 2022ರ ಆಗಸ್ಟಲ್ಲಿ ಹೊರಡಿಸಿದ ಸುತ್ತೋಲೆ ಪ್ರಕಾರ ಬಾಕಿ ವಸೂಲಿಗೆ ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ಫೋನ್ ಮಾಡಂಗಿಲ್ಲ, ಬೆದರಿಸಂಗಿಲ್ಲ, ಮನೆಯೋರು ಫ್ರೆಂಡ್ಸ್ ರೆಫರೆನ್ಸ್ ಕೊಟ್ಟೋರನ್ನ ಎಳೆದು ಮಾನ ಕಳೆಯಂಗಿಲ್ಲ. ಕೇಸ್ ಏಜೆನ್ಸಿಗೆ ಕೊಟ್ರೆ ಆ ಏಜೆನ್ಸಿ ಯಾವ್ದು ಅಂತ ಸಾಲಗಾರರಿಗೆ ತಿಳಿಸ್ಬೇಕು, ಮನೆ ಹತ್ರ ಬರೋ ಏಜೆಂಟ್ ಹತ್ರ ಐಡಿ ಕಾರ್ಡು, ಬ್ಯಾಂಕಿನ ಅಧಿಕಾರ ಪತ್ರ ಎರಡೂ ಇರ್ಬೇಕು. ಇದನ್ನೆಲ್ಲ ಮುರಿದ್ರೆ ಅವನು ನಕಲಿನೇ ಅಂತ ಮಾತ್ರ ತಿಳ್ಕೋಬೇಡಿ, ಅಸಲಿಯವರೂ ಮುರೀತಾರೆ. ಅವಾಗ ದಾರಿ ಬೇರೆ: ಸಾಲ ಕೊಟ್ಟ ಸಂಸ್ಥೆಗೇ ಲಿಖಿತ ದೂರು ಕೊಡಿ, 30 ದಿನದಲ್ಲಿ ಉತ್ತರ ಬರ್ಲಿಲ್ಲ ಅಂದ್ರೆ ಆರ್‌ಬಿಐ ಓಂಬುಡ್ಸ್‌ಮನ್, ಅಂದ್ರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸೋ ಅಧಿಕಾರಿ. ನಮ್ಮೋರು ಕಸ್ಟಮರ್ ಬೈಗುಳಕ್ಕೆ ಹೆದರಲ್ಲ, ಓಂಬುಡ್ಸ್‌ಮನ್ ಅಂದ್ರೆ ಮಾತ್ರ ಆಫೀಸಲ್ಲಿ ಮೀಟಿಂಗ್ ಶುರುವಾಗತ್ತೆ.

ಇನ್ನು ಆ ಪೊಲೀಸ್ ಧ್ವನಿ ವಿಷ್ಯ. "ಐಪಿಸಿ 420 ಕೆಳಗೆ ನಿನ್ನ ಮೇಲೆ ಎಫ್‌ಐಆರ್ ಆಗಿದೆ, ಸಂಜೆ ಒಳಗೆ ಅರೆಸ್ಟ್" ಅಂತ ಈಗ್ಲೂ ಕೆಲವರು ಹೇಳ್ತಾ ಇದಾರೆ. 2024ರ ಜುಲೈ 1ರಿಂದ ಐಪಿಸಿ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ, ವಂಚನೆ ಈಗ ಅದ್ರಲ್ಲಿ 318ನೇ ಸೆಕ್ಷನ್ನು, ಹಾಗಾಗಿ ಹೋದ ತಿಂಗಳು ಕಂತು ತಪ್ಪಿದ್ದಕ್ಕೆ 420 ಹಾಕ್ದೆ ಅನ್ನೋ ಇನ್ಸ್‌ಪೆಕ್ಟರ್ ಸ್ಟೇಷನ್ ಮುಖ ನೋಡಿ ತುಂಬಾ ದಿನ ಆಗಿರ್ಬೇಕು. (ಇದನ್ನ ಓದಿ ಅವ್ರೂ ಸ್ಕ್ರಿಪ್ಟ್ ಸರಿ ಮಾಡ್ಕೋತಾರೆ ಅನ್ನೋದು ನನಗೆ ಗೊತ್ತು.) ಕೈಯಲ್ಲಿ ದುಡ್ಡಿಲ್ದೆ ಕಂತು ತಪ್ಪೋದು ಅಷ್ಟಕ್ಕೇ ಅಪರಾಧ ಅಲ್ಲ, ಅದು ಸಿವಿಲ್ ವಿಷ್ಯ. ಚೆಕ್ ಬೌನ್ಸ್ ಆದ್ರೆ ಬೇರೆ, ಅದಕ್ಕೆ ನೆಗೋಷಿಯಬಲ್ ಇನ್ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಸೆಕ್ಷನ್ ಇದೆ, ಅಲ್ಲೂ ಮೊದ್ಲು ಲಿಖಿತ ನೋಟಿಸ್ ಕೊಟ್ಟು 15 ದಿನ ಟೈಮ್ ಕೊಡ್ಬೇಕು, ಫೋನಲ್ಲಿ ಸಂಜೆ ಒಳಗೆ ಅಂತ ಯಾವ ಕಾನೂನೂ ಇಲ್ಲ. ವಿಡಿಯೋ ಕಾಲಲ್ಲಿ ಅರೆಸ್ಟ್ ಮಾಡೋದಂತೂ ಕಾನೂನಲ್ಲೇ ಇಲ್ಲ.

ಸಾಲನೇ ಮಾಡಿಲ್ಲ, ಆದ್ರೂ ಕಾಲ್ ಬರ್ತಿದೆ ಅನ್ನೋರು ನಿಮ್ಮ ಕ್ರೆಡಿಟ್ ರಿಪೋರ್ಟ್, ಅಂದ್ರೆ ನಿಮ್ಮ ಹೆಸರಲ್ಲಿರೋ ಸಾಲಗಳ ದಾಖಲೆ, ತೆಗೆಸಿ ನೋಡಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ಈ ನಾಲ್ಕೂ ಕ್ರೆಡಿಟ್ ಬ್ಯೂರೋಗಳಲ್ಲಿ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಫ್ರೀ. ಅದ್ರಲ್ಲಿ ನೀವು ಮಾಡದ ಸಾಲ ಕಂಡ್ರೆ ಬ್ಯೂರೋಗೂ ಆ ಸಂಸ್ಥೆಗೂ ಡಿಸ್ಪ್ಯೂಟ್ ಹಾಕಿ, ಯಾಕಂದ್ರೆ ನಿಮ್ಮ ದಾಖಲೆ ಇಟ್ಕೊಂಡು ಯಾರೋ ನಿಜವಾಗ್ಲೂ ಲೋನ್ ಎತ್ತಿರಬಹುದು, ಎಲ್ಲಾ ಫೋನೂ ಸುಳ್ಳು ಅಂತ ಸುಮ್ಮನೆ ಬ್ಲಾಕ್ ಮಾಡ್ತಾ ಹೋದ್ರೆ ಇದು ಗೊತ್ತೇ ಆಗಲ್ಲ. ದುಡ್ಡು ಹೋಗಿಲ್ಲ, ಬರೀ ಕಾಲ್ ಬಂದಿದೆ ಅಂದ್ರೆ ಸರ್ಕಾರದ ಟೆಲಿಕಾಂ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ಚಕ್ಷು ಅಂತ ಇದೆ, ಆ ನಂಬರ್ ಅಲ್ಲಿ ರಿಪೋರ್ಟ್ ಮಾಡಿ. ದುಡ್ಡು ಹೋಗಿದ್ರೆ ಮಾತ್ರ ಮೊದ್ಲು 1930, ಆಮೇಲೆ ನಿಮ್ಮ ಬ್ಯಾಂಕು, ಆಮೇಲೆ ಮನೆಯೋರ ಹತ್ರ ಅಳೋದು, ಇದೇ ಆರ್ಡರಲ್ಲಿ.

ಆ ಮೇಡಂ ದುಡ್ಡು ವಾಪಸ್ ಬರ್ಲಿಲ್ಲ. ನಾನು ಫ್ರಾಡ್ ಟೀಮಿಗೆ ಮೇಲ್ ಹಾಕ್ದೆ, ರೆಕಾರ್ಡಿಂಗ್ ಕೊಟ್ಟೆ, ಮೊದಲ್ನೇ ದಿನ ಕೇಳ್ಲಿಲ್ಲ ಅಂತಾನೂ ಬರೆದೆ. ಸಾಲ ಹಂಗೇ ಇತ್ತು, ಕಳ್ಳನಿಗೆ ಕಟ್ಟಿದ್ದು ನಮ್ಮ ಲೆಡ್ಜರಿಗೆ ಲೆಕ್ಕ ಇಲ್ವಲ್ಲ. ಈಗ "ಕಟ್ಟಾಯ್ತು" ಅಂದ್ರೆ ಕೋಡ್ ಒತ್ತೋ ಮುಂಚೆ "ಯಾರ ಹೆಸರಿಗೆ ಹೋಯ್ತು ನೋಡಿ ಹೇಳ್ತೀರಾ" ಅಂತ ಕೇಳ್ತೀನಿ. ಇದಕ್ಕೆ ಹಿಡಿಯೋದು ಇಪ್ಪತ್ತು ಸೆಕೆಂಡು. ಟೀಮಿಗೆ ಹೊಸದಾಗಿ ಬರೋ ಹುಡುಗ್ರಿಗೂ ಇದನ್ನೇ ಹೇಳ್ಕೊಡ್ತೀನಿ, ಅದ್ರಿಂದ ಇನ್ನೂ ಎರಡು ಕೇಸ್ ಅದೇ ದಿನ ಗೊತ್ತಾಯ್ತು, ಅದ್ರಲ್ಲಿ ಒಬ್ರಿಗೆ ಸ್ವಲ್ಪ ದುಡ್ಡು ಖಾತೆಯಲ್ಲೇ ಹೋಲ್ಡ್ ಆಯ್ತು.

ಮುಂದಿನ ತಿಂಗಳು ಡಯಲರ್ ಮತ್ತೆ ಆ ಮೇಡಂ ನಂಬರ್ ಹಾಕ್ತು. ಅದಕ್ಕೇನ್ ಗೊತ್ತು. ನನ್ನ ಹೆಸರು, ಕಂಪನಿ ಹೆಸರು ಹೇಳ್ದೆ. "ನೀವು ಯಾರು ಅಂತ ನಂಗೇನ್ ಗೊತ್ತು, ನಾನು ಬ್ರಾಂಚಲ್ಲಿ ಕೇಳ್ಕೋತೀನಿ, ಫೋನ್ ಇಡಿ" ಅಂದು ಅವ್ರೇ ಕಟ್ ಮಾಡಿದ್ರು. ಹನ್ನೊಂದು ಸೆಕೆಂಡಿನ ಕಾಲು. ವಿಚಾರಿಸೋಕೆ ಇಟ್ರು ಅನ್ನೋದಕ್ಕೆ ನಮ್ಮ ಸಿಸ್ಟಮ್‌ನಲ್ಲಿ ಕೋಡ್ ಇಲ್ಲ, "ಕಸ್ಟಮರ್ ಡಿಸ್‌ಕನೆಕ್ಟೆಡ್" ಅಂತ ಹಾಕ್ದೆ. ಟಿಎಲ್ ಬಂದು ಯಾಕೆ ಇಷ್ಟು ಶಾರ್ಟ್ ಕಾಲು ಅಂತ ಕೇಳಿದ್ರು, ಮೇಡಂ ಸರಿಯಾಗೇ ಮಾಡಿದಾರೆ ಸರ್ ಅಂದೆ.