ಮೇಲೇಳದ ಟ್ರಿಮ್: ಮಳೆಗಾಲದ ರಿಪೇರಿ ದಿನಚರಿ

ಜೂನ್ 3

ದೋಣಿಯನ್ನು ನಿನ್ನೆ ದಡಕ್ಕೆ ಎಳೆದು ಮನೆಯಂಗಳದಲ್ಲಿ ಹಳೆ ಟೈರುಗಳ ಮೇಲೆ ಕೂರಿಸಿದೆವು. ಮೇಲೊಂದು ಟಾರ್ಪಾಲು ಚಪ್ಪರ. ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ರಜೆ, ಒಟ್ಟು 61 ದಿನ. ಅಷ್ಟರೊಳಗೆ ಔಟ್‌ಬೋರ್ಡಿನ, ಅಂದರೆ ದೋಣಿಯ ಹಿಂಬದಿಗೆ ಕೂರಿಸಿದ ಎಂಜಿನ್ನಿನ, ಪವರ್ ಟ್ರಿಮ್ ಸರಿಯಾಗಬೇಕು. ಗುಂಡಿ ಒತ್ತಿದರೆ ಒಂದು ಸಣ್ಣ ಮೋಟಾರ್ ಪಂಪು ತಿರುಗಿಸಿ, ಎಣ್ಣೆಯ ಒತ್ತಡದಿಂದ ಎಂಜಿನ್ನನ್ನು ಮೇಲೆ ಕೆಳಗೆ ಬಾಗಿಸುವ ವ್ಯವಸ್ಥೆ ಅದು.

18 ಅಡಿಯ ಫೈಬರ್ ದೋಣಿ, 60 ಎಚ್‌ಪಿಯ ಫೋರ್ ಸ್ಟ್ರೋಕ್ ಎಂಜಿನ್, ಎರಡೂ ಸೆಕೆಂಡ್ ಹ್ಯಾಂಡ್. ಆಳದ ನೀರಿನಲ್ಲಿ ಓಡಾಡುವವರಿಗೆ ಟ್ರಿಮ್ ಕೆಟ್ಟರೆ ಸ್ವಲ್ಪ ಪೆಟ್ರೋಲ್ ಜಾಸ್ತಿ ಖರ್ಚಾಗಬಹುದು, ಅಷ್ಟೇ. ಗಂಗೊಳ್ಳಿ ಅಳಿವೆಯ ಒಳಗೆ, ಪಂಚಗಂಗಾವಳಿ ಹೊಳೆಯ ಕುದ್ರುಗಳ (ನಡುಗಡ್ಡೆಗಳ) ನಡುವೆ ಓಡಾಡುವ ನಮಗೆ ಹಾಗಲ್ಲ. ಇಳಿತದ ಹೊತ್ತಿಗೆ ಕೆಲವು ಕಡೆ ಮೊಣಕಾಲುದ್ದ ನೀರು, ಅಡಿಯಲ್ಲಿ ಮರಳು ಮತ್ತು ಮಳಿಚಿಪ್ಪು. ಅಂಥಲ್ಲಿ ಗುಂಡಿ ಒತ್ತಿ ಎಂಜಿನ್ನನ್ನು ಮೇಲಕ್ಕೆ ಬಾಗಿಸಿ, ಫ್ಯಾನು (ಪ್ರೊಪೆಲ್ಲರ್) ನೆಲಕ್ಕೆ ತಾಗದಂತೆ ಮೆಲ್ಲಗೆ ದಾಟಿಸಬೇಕು. ಮೇ ಕೊನೆಯಲ್ಲಿ ಒಂದು ಸಂಜೆ ಎಂಜಿನ್ ಮೇಲೇಳಲೇ ಇಲ್ಲ. ಫ್ಯಾನು ಮರಳಿನಲ್ಲಿ ಹೂತಿತು. ನಾನೂ ತಮ್ಮನೂ ನೀರಿಗಿಳಿದು, ಭರತ ಏರುವವರೆಗೆ ದೋಣಿ ಹಿಡಿದು ನಿಂತೆವು.

ಈಗಿನ ಲಕ್ಷಣ ಬರೆದಿಡುತ್ತೇನೆ. ಎಂಜಿನ್ ಮೇಲೆತ್ತುವ ಗುಂಡಿ ಒತ್ತಿದರೆ ರಿಲೇ (ಮೋಟಾರಿಗೆ ಕರೆಂಟ್ ಬಿಡುವ ಸ್ವಿಚ್ಚು) ‘ಟಕ್’ ಎನ್ನುತ್ತದೆ, ಮೋಟಾರ್ ತಿರುಗುವುದಿಲ್ಲ. ನಾಲ್ಕೈದು ಸಲ ಒತ್ತಿದರೆ ಒಮ್ಮೆ ತಿರುಗಿ, ಅರ್ಧಕ್ಕೆ ನಿಲ್ಲುತ್ತದೆ. ಹೇಗೋ ಮೇಲೆತ್ತಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ತಾನಾಗಿ ಇಳಿದಿರುತ್ತದೆ.

ಜೂನ್ 5

ನಾನು ಎಣ್ಣೆಯದೇ ತೊಂದರೆ ಅಂದುಕೊಂಡು ರಿಸರ್ವಾಯರ್ (ಟ್ರಿಮ್ಮಿನ ಎಣ್ಣೆ ಡಬ್ಬಿ) ಮುಚ್ಚಳಕ್ಕೆ ಸ್ಪ್ಯಾನರ್ ಹಾಕಲು ಹೊರಟಿದ್ದೆ. ಪಕ್ಕದ ಮನೆಯ ಅಣ್ಣ, ಜೆಟ್ಟಿಯಲ್ಲಿ ಎಷ್ಟೋ ವರ್ಷ ಎಂಜಿನ್ ಕೆಲಸ ಮಾಡಿದವರು, ಬೇಲಿಯಾಚೆಯಿಂದಲೇ ತಡೆದರು. “ಹ್ವಾಯ್, ಎಣ್ಣಿಗೆ ಕೈ ಹಾಕುಕೆ ಮುಂಚೆ ಕರೆಂಟ್ ಎಲ್ಲಿವರೆಗೆ ಬತ್ತ್ ಕಾಣಿ.”

ಅವರು ಹೇಳಿದ್ದು ಸರಿ. ‘ಟಕ್’ ಶಬ್ದ ಬರುತ್ತಿದೆ ಎಂದರೆ ಗುಂಡಿ, ಫ್ಯೂಸ್, ರಿಲೇಯ ಕಾಯಿಲ್ ಇಷ್ಟೂ ಬದುಕಿವೆ. ಅಲ್ಲಿಂದ ಮುಂದೆ ಮೋಟಾರಿನವರೆಗೆ ಸಾಕಷ್ಟು ಕರೆಂಟ್ ಹೋಗುತ್ತಿದೆಯೇ ಎಂಬುದೇ ಪ್ರಶ್ನೆ.

ಮಲ್ಟಿಮೀಟರ್ ಹಿಡಿದೆ. ಬ್ಯಾಟರಿ 12.6 ವೋಲ್ಟ್. ರಿಲೇಗೆ ಬರುವ ತಂತಿಯಲ್ಲೂ 12.5. ಇದನ್ನು ನೋಡಿ ಬಿಟ್ಟಿದ್ದರೆ ವೈರಿಂಗ್ ಚೆನ್ನಾಗಿದೆ ಎಂದೇ ಅನ್ನಿಸುತ್ತಿತ್ತು. ತಮ್ಮನಿಗೆ ಗುಂಡಿ ಒತ್ತಿ ಹಿಡಿಯಲು ಹೇಳಿ ಮತ್ತೆ ನೋಡಿದರೆ ರಿಲೇಯಲ್ಲಿ 8.9, ಬ್ಯಾಟರಿಯ ಟರ್ಮಿನಲ್ಲಿನಲ್ಲಿ ಮಾತ್ರ 12.2. ನಡುವೆ 3.3 ವೋಲ್ಟ್ ಎಲ್ಲೋ ಕಳೆದುಹೋಗುತ್ತಿದೆ. ಭಾರ ಬಿದ್ದಾಗ ಅಳೆಯದಿದ್ದರೆ ಇದು ಕಾಣುವುದಿಲ್ಲ. ತುದಿಯಲ್ಲಿ ಒಂದೇ ಎಳೆ ಅಂಟಿಕೊಂಡಿರುವ ವೈರೂ ಸುಮ್ಮನಿರುವಾಗ ಮೀಟರಿಗೆ ಪೂರ್ತಿ ವೋಲ್ಟೇಜ್ ತೋರಿಸುತ್ತದೆ.

ಕಳ್ಳ ಎಲ್ಲಿದ್ದಾನೆ ಎಂದು ಹುಡುಕಲು ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದನ್ನು ರಿಲೇಯ ಪ್ಲಸ್‌ಗೆ ಇಟ್ಟು ಗುಂಡಿ ಒತ್ತಿಸಿದೆ: 0.3. ಅದು ಪರವಾಗಿಲ್ಲ. ಹಾಗೆಯೇ ಬ್ಯಾಟರಿಯ ಮೈನಸ್‌ನಿಂದ ರಿಲೇಯ ಅರ್ತಿಗೆ: 3.0. ಲೆಕ್ಕ ಸರಿಹೋಯಿತು. ತೊಂದರೆ ಇರುವುದು ಅರ್ತಿನಲ್ಲಿ.

ಎಂಜಿನ್ ಬ್ಲಾಕಿಗೆ ಬೋಲ್ಟ್ ಮಾಡಿದ ಅರ್ತ್ ಕೇಬಲ್ ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿತ್ತು. ಬೋಲ್ಟ್ ಬಿಚ್ಚಿದಾಗ ಲಗ್ಗಿನ (ಕೇಬಲ್ ತುದಿಯ ಲೋಹದ ಬಳೆಯ) ಅಡಿಯಲ್ಲಿ ಹಸಿರು ಕಿಲುಬು. ಇನ್ಸುಲೇಷನ್ ಸೀಳಿ ನೋಡಿದರೆ ಒಂದು ಗೇಣಿನವರೆಗೆ ತಾಮ್ರದ ಎಳೆಗಳು ಕಪ್ಪಾಗಿ, ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತಿದ್ದವು. ಉಪ್ಪುನೀರು ಎಳೆಗಳ ನಡುವೆ ಬತ್ತಿಯ ಎಣ್ಣೆಯ ಹಾಗೆ ಏರಿದೆ.

ಜೂನ್ 7

ತವರದ ಲೇಪನವಿರುವ ಹೊಸ ಕೇಬಲ್, ಹೊಸ ಲಗ್, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಕಾಯಿಸಿದರೆ ಕುಗ್ಗಿ ಬಿಗಿಯುವ ಕೊಳವೆ). ಬ್ಲಾಕಿನ ಮೇಲ್ಮೈಯನ್ನು ಲೋಹ ಹೊಳೆಯುವವರೆಗೆ ತಿಕ್ಕಿ, ಬಿಗಿದ ಮೇಲೆ ಗ್ರೀಸ್ ಬಳಿದೆ. ಈಗ ಗುಂಡಿ ಒತ್ತಿದರೆ ರಿಲೇಯಲ್ಲಿ 11.8. ಮೋಟಾರ್ ತಿರುಗಿತು! ಆದರೆ ನರಳುತ್ತ ತಿರುಗುತ್ತದೆ, ಅರ್ಧ ನಿಮಿಷದಲ್ಲಿ ಮುಟ್ಟಲಾಗದಷ್ಟು ಬಿಸಿ.

ಮೋಟಾರಿಗೆ ಹೋಗುವುದು ಎರಡೇ ದಪ್ಪ ತಂತಿ, ಒಂದು ತಿಳಿನೀಲಿ, ಇನ್ನೊಂದು ಹಸಿರು. ನೀಲಿಗೆ ಪ್ಲಸ್ ಬಂದರೆ ಎಂಜಿನ್ ಮೇಲೆ, ಹಸಿರಿಗೆ ಬಂದರೆ ಕೆಳಗೆ. ದಿಕ್ಕು ಬದಲಾಯಿಸುವುದಷ್ಟೇ ರಿಲೇಗಳ ಕೆಲಸ. ಎರಡನ್ನೂ ರಿಲೇಯಿಂದ ಕಳಚಿ ನೇರವಾಗಿ ಬ್ಯಾಟರಿಯಿಂದ ಕೊಟ್ಟು ನೋಡಿದೆ. ಅದೇ ನರಳಾಟ. ಹಾಗಾದರೆ ರಿಲೇಯನ್ನು ದೂರುವಂತಿಲ್ಲ, ಹೊಸ ರಿಲೇಗೆ ದುಡ್ಡು ಹಾಕಿದ್ದರೆ ವ್ಯರ್ಥವಾಗುತ್ತಿತ್ತು.

ಜೂನ್ 12

ಮೋಟಾರ್ ಬಿಚ್ಚುವ ಮುಂಚೆ ಎಂಜಿನ್ ಪೂರ್ತಿ ಮೇಲೆ ಇರಬೇಕು. ಬದಿಯ ಮ್ಯಾನುಯಲ್ ವಾಲ್ವ್ ತಿರುಗಿಸಿ ಸಡಿಲಿಸಿದರೆ ಕೈಯಲ್ಲೇ ಎತ್ತಬಹುದು. ಇಬ್ಬರು ಎತ್ತಿದೆವು, ಲಾಕ್ ಲಿವರ್ ಹಾಕಿದೆವು, ಮೇಲಿನ ತೊಲೆಯಿಂದ ಚೈನ್ ಪುಲ್ಲಿಯನ್ನೂ ಬಿಗಿದೆವು. ಲಿವರ್ ಒಂದನ್ನೇ ನಂಬಿ ದಯವಿಟ್ಟು ಯಾರೂ ಕೆಳಗೆ ಕೈ ಹಾಕಬೇಡಿ. ನೂರು ಕೆಜಿ ಮೀರಿದ ಭಾರ ಅದು. ಎಂಜಿನ್ ಕೆಳಗಿರುವಾಗ ರಿಸರ್ವಾಯರ್ ಮುಚ್ಚಳ ತೆಗೆಯುವುದೂ ಅಪಾಯ, ಒಳಗಿನ ಒತ್ತಡಕ್ಕೆ ಎಣ್ಣೆ ಮುಖಕ್ಕೆ ಚಿಮ್ಮುತ್ತದೆ.

ನಾಲ್ಕು ಸ್ಕ್ರೂಗಳಲ್ಲಿ ಮೂರು ಬಂದವು. ನಾಲ್ಕನೆಯದಕ್ಕೆ ಎರಡು ದಿನ ಹಿಡಿಯಿತು. ಸ್ಟೇನ್‌ಲೆಸ್ ಸ್ಕ್ರೂ ಅಲ್ಯುಮಿನಿಯಂ ಮೈಯಲ್ಲಿ ಕೂತು, ಉಪ್ಪು ಸೇರಿ, ಥ್ರೆಡ್ಡಿನಲ್ಲೆಲ್ಲ ಬಿಳಿ ಪುಡಿ ಗಟ್ಟಿಯಾಗಿತ್ತು. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಟ್ಟು, ಬೆಳಿಗ್ಗೆ ಹಾಟ್ ಗನ್ನಿನಲ್ಲಿ ಸುತ್ತಲಿನ ಲೋಹವನ್ನು ಕಾಯಿಸಿ, ತಲೆಗೆ ಸಣ್ಣ ಏಟು ಕೊಟ್ಟು, ಮತ್ತೆ ಎಣ್ಣೆ. ಎರಡನೆಯ ದಿನ ಸಂಜೆ ‘ಕಿರ್’ ಎಂದು ಕಾಲು ಸುತ್ತು ಬಂತು. ಬಲ ಹಾಕದೆ, ಬಿಗಿ ಮಾಡಿ ಸಡಿಲ ಮಾಡಿ ಹೊರಗೆ ತಂದೆ. ತಲೆ ಮುರಿದಿದ್ದರೆ ಇಡೀ ಯೂನಿಟ್ಟನ್ನೇ ಇಳಿಸಿ ಡ್ರಿಲ್ ಮಾಡಿಸಬೇಕಿತ್ತು.

ಮೋಟಾರ್ ತೆರೆದಾಗ ಒಳಗಿನಿಂದ ಅರ್ಧ ಲೋಟದಷ್ಟು ಕೆಂಪು ನೀರು ಸುರಿಯಿತು. ತಂತಿ ಒಳಹೋಗುವ ಜಾಗದ ರಬ್ಬರ್ ಬಿರುಕು ಬಿಟ್ಟಿದೆ, ಅಲ್ಲಿಂದಲೇ ನೀರು ಬಂದಿರುವುದು. ಒಂದು ಕಾರ್ಬನ್ ಬ್ರಷ್ ತುಕ್ಕಿನಿಂದ ತನ್ನ ಗೂಡಿನಲ್ಲೇ ಕಚ್ಚಿಕೊಂಡು, ಹಿಂದಿನ ಸ್ಪ್ರಿಂಗ್ ಎಷ್ಟು ತಳ್ಳಿದರೂ ಕಮ್ಯುಟೇಟರನ್ನು (ಬ್ರಷ್‌ನಿಂದ ಕರೆಂಟ್ ಪಡೆಯುವ, ತಿರುಗುವ ತಾಮ್ರದ ಉರುಳೆಯನ್ನು) ಮುಟ್ಟಿಯೂ ಮುಟ್ಟದ ಹಾಗೆ ಇತ್ತು. ಕಮ್ಯುಟೇಟರ್ ಕರಿ ಹಿಡಿದು, ತಾಮ್ರದ ಪಟ್ಟಿಗಳ ನಡುವಿನ ಸಂದುಗಳೆಲ್ಲ ಕಾರ್ಬನ್ ಪುಡಿಯಿಂದ ತುಂಬಿದ್ದವು. ಆಯಸ್ಕಾಂತಗಳು ಗಟ್ಟಿಯಾಗಿವೆ, ಅದೊಂದು ಸಮಾಧಾನ.

ಜೂನ್ 16

ಕುಂದಾಪುರದ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಬ್ರಷ್ ಹೊಂದಿಸಿಕೊಟ್ಟರು. ಸ್ವಲ್ಪ ದೊಡ್ಡದನ್ನು ಅರದಿಂದ ಉಜ್ಜಿ, ಗೂಡಿನಲ್ಲಿ ಸಲೀಸಾಗಿ ಜಾರುವಷ್ಟು ಮಾಡಿದರು. ಕಮ್ಯುಟೇಟರನ್ನು ಎಮೆರಿಯಿಂದ ಉಜ್ಜಬೇಡಿ ಎಂದು ಅವರೇ ಎಚ್ಚರಿಸಿದ್ದು. ಎಮೆರಿಯ ಪುಡಿ ಕರೆಂಟ್ ಹರಿಸುತ್ತದೆ, ಸಂದಿನಲ್ಲಿ ಉಳಿದರೆ ಶಾರ್ಟ್ ಆಗುತ್ತದೆ. ನಯವಾದ ಮರಳು ಕಾಗದ ಸಾಕು. ಸಂದುಗಳನ್ನು ಮುರಿದ ಹ್ಯಾಕ್ಸಾ ಬ್ಲೇಡಿನ ಮೊನೆಯಿಂದ ಒಂದೊಂದಾಗಿ ಕೆರೆದೆ. ಹೊಸ ರಬ್ಬರ್, ಹೊಸ ಓ-ರಿಂಗ್ (ಸೋರದಂತೆ ತಡೆಯುವ ರಬ್ಬರ್ ಬಳೆ). ಬೆಂಚಿನ ಮೇಲೆ ಕಟ್ಟಿ ಕರೆಂಟ್ ಕೊಟ್ಟಾಗ ಎರಡೂ ದಿಕ್ಕಿಗೆ ಒಂದೇ ಸಮನೆ ಹಾಡಿತು. ಆ ಶಬ್ದ ಕೇಳಿ ಅಡುಗೆಮನೆಯಿಂದ ಅಮ್ಮ ಹೊರಗೆ ಬಂದು ನಿಂತರು.

ಜೂನ್ 19

ಹಳೆ ಎಣ್ಣೆ ಹೊರಗೆ ತೆಗೆದೆ. ಕೆಂಪಗೆ ಪಾರದರ್ಶಕವಾಗಿರಬೇಕಾದ ಎಟಿಎಫ್ (ಆಟೋಮ್ಯಾಟಿಕ್ ಟ್ರಾನ್ಸ್‌ಮಿಷನ್ ಎಣ್ಣೆ), ಪುನರ್ಪುಳಿಗೆ ತೆಂಗಿನಹಾಲು ಬೆರೆಸಿದ ಬಣ್ಣಕ್ಕೆ ತಿರುಗಿತ್ತು. ಎಣ್ಣೆಯಲ್ಲೂ ನೀರು. ಎರಡು ಸಲ ಹೊಸ ಎಣ್ಣೆ ಹಾಕಿ ತೊಳೆದು, ಮೂರನೆಯ ಸಲ ತುಂಬಿದೆ. ಎಂಜಿನ್ ಮೇಲಿರುವಾಗ ಎಣ್ಣೆ ಮುಚ್ಚಳದ ಬಾಯಿಯವರೆಗೆ ಬರಬೇಕು.

ಮೊದಲ ಮೂರು ಸಲ ಎಂಜಿನ್ ಬಿಕ್ಕಿ ಬಿಕ್ಕಿ ಏರಿತು. ಒಳಗೆ ಗಾಳಿ. ಪೂರ್ತಿ ಮೇಲೆ, ಪೂರ್ತಿ ಕೆಳಗೆ, ನೊರೆ ಇಳಿಯಲು ಹತ್ತು ನಿಮಿಷ ಬಿಟ್ಟು ಮತ್ತೆ ಎಣ್ಣೆ. ಐದನೆಯ ಸಲಕ್ಕೆ ನಿಲ್ಲದೆ ಏರಿತು.

ಜೂನ್ 20

ಬೆಳಿಗ್ಗೆ ಎದ್ದು ನೋಡಿದರೆ ನಾಲ್ಕು ಬೆರಳಿನಷ್ಟು ಇಳಿದಿದೆ. ಬ್ರಾಕೆಟ್ಟಿನ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿಟ್ಟದ್ದರಿಂದ ಅನುಮಾನಕ್ಕೆ ಜಾಗವಿಲ್ಲ.

ಎಂಜಿನ್ನನ್ನು ತಳ್ಳಿ ಎತ್ತುವ ರಾಮ್‌ಗಳನ್ನು (ಹೈಡ್ರಾಲಿಕ್ ದಂಡಗಳನ್ನು) ಬಿಳಿ ಬಟ್ಟೆಯಿಂದ ಒರೆಸಿದೆ, ಬಟ್ಟೆಗೆ ಎಣ್ಣೆ ಹತ್ತಲಿಲ್ಲ. ಹೊರಗೆ ಸೋರಿಕೆ ಇಲ್ಲವೆಂದರೆ ಒಳಗೇ ಎಲ್ಲೋ ಎಣ್ಣೆ ಒತ್ತಡದ ಕಡೆಯಿಂದ ರಿಸರ್ವಾಯರಿಗೆ ನುಸುಳುತ್ತಿದೆ. ಪಂಪಿನ ಚೆಕ್ ವಾಲ್ವ್ (ಎಣ್ಣೆ ಹಿಂದಕ್ಕೆ ಹರಿಯದಂತೆ ತಡೆಯುವುದು) ಇರಬಹುದು, ಪಿಸ್ಟನ್ನಿನ ಸೀಲ್ ಇರಬಹುದು. ಆದರೆ ಎಲ್ಲಕ್ಕಿಂತ ಸುಲಭವಾಗಿ ಕೈಗೆ ಸಿಗುವುದು ಮ್ಯಾನುಯಲ್ ವಾಲ್ವ್. ಎಂಜಿನ್ನನ್ನು ಮೇಲೆತ್ತಿ ಲಾಕ್ ಮಾಡಿ, ಪುಲ್ಲಿಗೆ ಕಟ್ಟಿ, ವಾಲ್ವನ್ನು ಹಿಡಿದಿಡುವ ಸರ್ಕ್ಲಿಪ್ ತೆಗೆದು ಹೊರಗೆಳೆದೆ. ಒಂದು ಓ-ರಿಂಗ್ ಚಪ್ಪಟೆಯಾಗಿತ್ತು, ಅದರ ಮೇಲೆ ಕೂದಲಿನಷ್ಟು ಸಣ್ಣ ಸೀಳು. ವಾಲ್ವಿನ ಮೊನೆಯಲ್ಲಿ ಒಂದೇ ಒಂದು ಮರಳಿನ ಕಣ ಅಂಟಿಕೊಂಡಿತ್ತು. ಉಗುರಿನಿಂದ ತೆಗೆದು ಬೆಳಕಿಗೆ ಹಿಡಿದು ನೋಡಿದೆ.

ಅದೇ ಅಳತೆಯ ನೈಟ್ರೈಲ್ ರಬ್ಬರಿನ ರಿಂಗುಗಳನ್ನು ಎಟಿಎಫ್‌ನಲ್ಲಿ ಅದ್ದಿ ಹಾಕಿದೆ.

ಜೂನ್ 24

ಮೂರು ರಾತ್ರಿ ಕಳೆದವು. ಸೀಮೆಸುಣ್ಣದ ಗೆರೆ ಇದ್ದಲ್ಲೇ ಇದೆ. ಅಣ್ಣ ಬಂದು, ಎಂಜಿನ್ನಿನ ಮೇಲೆ ಎರಡೂ ಕೈ ಊರಿ ಪೂರ್ತಿ ಭಾರ ಹಾಕಿ ಒತ್ತಿದರು. ಅಲ್ಲಾಡಲಿಲ್ಲ. “ಆಯ್ತ್” ಎಂದು ಹೇಳಿ ಹೋದರು.

ಉಳಿದಿರುವುದು ಎಂಜಿನ್ ಎಷ್ಟು ಬಾಗಿದೆ ಎಂದು ತೋರಿಸುವ ಟ್ರಿಮ್ ಮೀಟರ್. ಮುಳ್ಳು ಈಗಲೂ ಕೆಳಗೇ ನಿಂತಿದೆ. ಬ್ರಾಕೆಟ್ಟಿನ ಒಳಬದಿಯಲ್ಲಿ, ಮೀಟರಿಗೆ ಸಿಗ್ನಲ್ ಕಳಿಸುವ ಸೆಂಡರಿನ ತಂತಿ ಎಲ್ಲೋ ತುಂಡಾಗಿರಬೇಕು. ಮಳೆ ಸ್ವಲ್ಪ ಬಿಟ್ಟ ದಿನ ಅದನ್ನು ಹುಡುಕುತ್ತೇನೆ. ಅದರ ಜೊತೆಗೆ ಬ್ರಾಕೆಟ್ಟಿನ ಅಡಿಯ ಆನೋಡನ್ನೂ (ತಾನು ಸವೆದು ಉಳಿದ ಲೋಹವನ್ನು ಉಪ್ಪುನೀರಿನಿಂದ ಕಾಯುವ ತುಂಡನ್ನೂ) ಬದಲಾಯಿಸಬೇಕು, ಸವೆದು ಅರ್ಧಕ್ಕಿಂತ ಕಮ್ಮಿಯಾಗಿದೆ.