ಎರಡನೇ ಕಾರ್ಡು

ನಮ್ಮ ಕಾಲದಲ್ಲಿ ಕಾಲೇಜಿನ ಲೈಬ್ರರಿಯಲ್ಲಿ ಬಿ.ಎ. ಓದುವವರಿಗೆ ಎರಡು ಕಾರ್ಡು ಕೊಡುತ್ತಿದ್ದರು. ಖಾಕಿ ಬಣ್ಣದ ದಪ್ಪ ರಟ್ಟು, ಮೇಲೆ ಹೆಸರು, ಕ್ಲಾಸು, ನಂಬರು. ಒಂದು ಕಾರ್ಡಿಗೆ ಒಂದು ಪುಸ್ತಕ, ಹದಿನೈದು ದಿನ. 1994ರ ಮಳೆಗಾಲದಲ್ಲಿ ಆ ಎರಡು ಕಾರ್ಡು ನನ್ನ ಕೈಗೆ ಬಂದವು. ಕಾಲೇಜಿನ ಈ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಕೇಳಿದಾಗ ಮೊದಲು ನೆನಪಾಗಿದ್ದು ಅವೇ.

ನಮ್ಮ ಅಪ್ಪ ಆಲ್ದೂರಿನ ಹತ್ತಿರ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ತೋಟದ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಬೆಳಿಗ್ಗೆ ಆಳುಗಳ ಹಾಜರಿ ಹಾಕಿ, ಚೆಕ್‌ರೋಲ್ ಅನ್ನುವ ಹಾಜರಿ-ಕೂಲಿಯ ಪಟ್ಟಿ ಬರೆದು, ವಾರಕ್ಕೊಮ್ಮೆ ಬಟವಾಡೆ ಮಾಡುವವರು ರೈಟರ್. ಮನೆಯಲ್ಲಿ ಕಾಗದ, ಪೆನ್ನಿಗೆ ಬರ ಇರಲಿಲ್ಲ. ಪುಸ್ತಕ ಮಾತ್ರ ಇರಲಿಲ್ಲ. ಒಂದು ಪಂಚಾಂಗ, ಅಜ್ಜಿಯ ಹಾಡಿನ ಪುಸ್ತಕ, ಬಂಗಲೆಯವರು ಓದಿ ಮುಗಿಸಿದ ಮೇಲೆ ಬರುತ್ತಿದ್ದ ಹಳೆಯ ವಾರಪತ್ರಿಕೆಗಳು. ಅಷ್ಟೇ.

ಲೈಬ್ರರಿಗೆ ಹೋಗುವುದಕ್ಕೆ ಶುರು ಮಾಡಿದ್ದೂ ಪುಸ್ತಕದ ಆಸೆಗಲ್ಲ. ಕ್ಲಾಸು ಒಂದೂವರೆಗೆ ಮುಗಿಯುತ್ತಿತ್ತು. ನಮ್ಮ ಕಡೆಯ ಬಸ್ಸು ನಾಲ್ಕೂಕಾಲಿಗೆ. ಚಿಕ್ಕಮಗಳೂರಿನ ಜುಲೈ ತಿಂಗಳ ಮಳೆಯಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಅಷ್ಟು ಹೊತ್ತು ನಿಲ್ಲುವುದಕ್ಕೆ ಆಗುತ್ತಾ? ಲೈಬ್ರರಿಯಲ್ಲಿ ಬೆಂಚು ಇತ್ತು, ಸೂರು ಇತ್ತು. ಹೋಗಿ ಕೂತೆ.

ಮೊದಲ ದಿನ ನಾನು ಕೇಳಿದ್ದು ಪತ್ತೇದಾರಿ ಕಾದಂಬರಿ. ಕೇಳುವುದಕ್ಕೂ ಅಂಜಿಕೆ. ಹೈಸ್ಕೂಲಿನಲ್ಲಿದ್ದಾಗ ನನ್ನ ಚೀಲದಲ್ಲಿದ್ದ ಒಂದು ಪತ್ತೇದಾರಿ ಪುಸ್ತಕವನ್ನು ಒಬ್ಬ ಮೇಷ್ಟ್ರು ಎಲ್ಲರೆದುರು ಎತ್ತಿ ಹಿಡಿದು, "ಇದನ್ನ ಓದುವವರು ಉದ್ಧಾರ ಆಗ್ತಾರಾ?" ಅಂತ ಕೇಳಿದ್ದರು. ಪುಸ್ತಕ ವಾಪಸ್ ಬರಲಿಲ್ಲ. ಅದು ನಮ್ಮ ಮಾವ ತಂದದ್ದು, ಬಾಡಿಗೆ ಪುಸ್ತಕ. ಅದರ ಬೆಲೆಯನ್ನು ಮಾವನೇ ಅಂಗಡಿಯವರಿಗೆ ಕಟ್ಟಿಕೊಟ್ಟರು. ಆ ಮಾತು ನನ್ನೊಳಗೆ ಬಹಳ ದಿನ ಮುಳ್ಳಿನ ಹಾಗೆ ಇತ್ತು.

ಲೈಬ್ರರಿಯನ್ ಮೇಡಂ ನಗಲಿಲ್ಲ, ಬೈಯಲೂ ಇಲ್ಲ. ಎದ್ದು ಹೋಗಿ ಎನ್. ನರಸಿಂಹಯ್ಯನವರ ಒಂದು ಪುಸ್ತಕ ತಂದರು. ರಟ್ಟು ಕಿತ್ತು, ಅಂಚು ಹಳದಿಯಾಗಿತ್ತು. "ಇವರು ಹುಟ್ಟಿದ್ದು ನಮ್ಮ ಚಿಕ್ಕಮಗಳೂರಿನಲ್ಲೇ, ಗೊತ್ತಾ?" ಅಂದರು. ನನಗೆ ಗೊತ್ತಿರಲಿಲ್ಲ. ಓದಿದ್ದು ನಾಲ್ಕನೇ ಕ್ಲಾಸು, ಬರೆದದ್ದು ಐನೂರಕ್ಕೂ ಜಾಸ್ತಿ ಕಾದಂಬರಿ. ಪತ್ತೇದಾರ ಪುರುಷೋತ್ತಮನ ಹಿಂದೆ ಬಿದ್ದು ಕನ್ನಡ ಓದುವುದನ್ನು ರೂಢಿ ಮಾಡಿಕೊಂಡವರು ನಮ್ಮ ಹಿಂದಿನ ತಲೆಮಾರಿನಲ್ಲಿ ಎಷ್ಟು ಜನ! ನಮ್ಮ ಮಾವನೂ ಅವರಲ್ಲೊಬ್ಬರು.

ಪುಸ್ತಕಕ್ಕೆ ಸೀಲು ಹಾಕಿ ಕೊಟ್ಟು ಮೇಡಂ ಕೈ ಚಾಚಿದರು. "ಇನ್ನೊಂದು ಕಾರ್ಡು ಕೊಡಮ್ಮ. ಒಂದು ಕಾರ್ಡಿಗೆ ನಿನ್ನಿಷ್ಟದ್ದು, ಒಂದು ಕಾರ್ಡಿಗೆ ನನ್ನಿಷ್ಟದ್ದು. ಒಪ್ಪಿಗೆ ಅಲ್ವಾ?"

ಆ ಎರಡನೇ ಕಾರ್ಡಿಗೆ ಸಿಕ್ಕಿದ್ದು ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್'. "ಇದೂ ಪತ್ತೇದಾರಿನೇ. ಓದಿ ನೋಡು, ಏನು ವ್ಯತ್ಯಾಸ ಅಂತ ನೀನೇ ಬಂದು ಹೇಳು." ಯಾಲಕ್ಕಿ ಮಾರುವುದಕ್ಕೆ ಹೊರಟ ಒಬ್ಬ ಗಂಡ, ಒಬ್ಬಳು ಹೆಂಡತಿ. ಅದೇ ಘಟ್ಟ, ಅದೇ ಕಾಡು, ನಮ್ಮ ಮನೆಯಲ್ಲಿ ದಿನಾ ಕೇಳುವ ವ್ಯಾಪಾರದ ಮಾತು. ಬಸ್ಸಿನಲ್ಲಿ ಓದಲು ತೆಗೆದವಳು ಇಳಿಯಬೇಕಾದ ಸ್ಟಾಪಿನಿಂದ ಒಂದು ಸ್ಟಾಪು ಮುಂದೆ ಹೋಗಿ ಇಳಿದೆ. ನಡೆದು ಬರುವಾಗ ಕತ್ತಲಾಗಿತ್ತು. ದಾರಿಯ ಎರಡೂ ಕಡೆ ಸಿಲ್ವರ್ ಓಕು, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ದಿನಾ ನೋಡುವ ದಾರಿಯೇ ಅವತ್ತು ಬೇರೆ ಥರ ಕಂಡಿತು. ಕಥೆ ಎಲ್ಲೋ ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನಡೆಯುವುದು ಅಂತ ಅಲ್ಲಿಯವರೆಗೆ ಅಂದುಕೊಂಡಿದ್ದೆ. ಬರೆದವರು ಮೂಡಿಗೆರೆಯಲ್ಲಿ, ನಮ್ಮ ಹಾಗೇ ತೋಟದಲ್ಲಿ ಇದ್ದಾರೆ ಅಂತ ತಿಳಿದು ಇನ್ನೂ ಆಶ್ಚರ್ಯವಾಯಿತು.

ಆ ಕಾದಂಬರಿಯೊಳಗೆ ಒಂದು ಹಳೆಯ ಕಾವ್ಯದ ಒಗಟು ಬರುತ್ತದೆ. ಹಳೆಯ ಕಾವ್ಯ ನಿಜವಾಗಿ ಹೇಗಿರುತ್ತೆ ಮೇಡಂ ಅಂತ ಕೇಳಿದ್ದೇ ತಡ, ಮುಂದಿನ ಸಲ ಎರಡನೇ ಕಾರ್ಡಿಗೆ ಲಕ್ಷ್ಮೀಶನ 'ಜೈಮಿನಿ ಭಾರತ' ಬಂತು. "ಇವನೂ ನಮ್ಮ ಜಿಲ್ಲೆಯವನೇ, ಕಡೂರು ತಾಲೂಕು ದೇವನೂರು" ಅಂದರು ಮೇಡಂ.

ಮನೆಯಲ್ಲಿ ಬಿಡಿಸಿದರೆ ಒಂದು ಸಾಲೂ ಹತ್ತಲಿಲ್ಲ. ಪದಗಳು ಒಂದಕ್ಕೊಂದು ಅಂಟಿಕೊಂಡು, ಎಲ್ಲಿ ಮುರಿಯಬೇಕು ಅಂತಲೇ ತಿಳಿಯದು. ಒಲೆಯ ಮುಂದೆ ಕೂತು ತಡವರಿಸಿಕೊಂಡು ಓದುತ್ತಿದ್ದೆ. ಚಂದ್ರಹಾಸನ ಕಥೆ. ಅಜ್ಜಿ ಅವರೆಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿದರು. "ಅಲ್ಲಿ ಉಸಿರು ತಗೋಬೇಡ ಪುಟ್ಟಿ. ಮುಂದಿನ ಸಾಲಿಗೆ ಹೋಗು. ಹೋಗಿ ನಿಲ್ಲು." ಹಾಗೇ ಮಾಡಿದೆ. ಅರ್ಥ ತಾನಾಗಿ ಬಿಚ್ಚಿಕೊಂಡಿತು. ಅಜ್ಜಿಗೆ ಓದು ಬರಹ ಬರುತ್ತಿರಲಿಲ್ಲ. ತವರು ಕಡೂರಿನ ಕಡೆ. ಚಿಕ್ಕವರಿದ್ದಾಗ ದೇವಸ್ಥಾನದಲ್ಲಿ ಗಮಕ, ಅಂದರೆ ಕಾವ್ಯವನ್ನು ರಾಗವಾಗಿ ಓದುವುದನ್ನು, ಕೇಳಿ ಕೇಳಿ ಷಟ್ಪದಿಯ ನಡಿಗೆ ಅವರ ಕಿವಿಯಲ್ಲಿ ಕೂತಿತ್ತು. ಮೂರನೇ ಸಾಲು ಉದ್ದ, ಆರನೇ ಸಾಲು ಉದ್ದ ಅಂತ ನಾವು ಕ್ಲಾಸಿನಲ್ಲಿ ಗುರು ಲಘು ಹಾಕಿ ಕಲಿತದ್ದನ್ನು ಅವರು ಉಸಿರಿನಲ್ಲಿ ಕಲಿತಿದ್ದರು. ಹದಿನೈದು ದಿನ ಸಾಲದೆ ಆ ಪುಸ್ತಕವನ್ನು ಮೂರು ಸಲ ರಿನ್ಯೂ ಮಾಡಿಸಿದೆ. ರಾತ್ರಿ ನಾನು ಓದುವುದು, ಅಜ್ಜಿ ತಿದ್ದುವುದು. ಹದಿನೆಂಟು ವರ್ಷ ಒಂದೇ ಮನೆಯಲ್ಲಿದ್ದರೂ ಅಜ್ಜಿಗೆ ಇದು ಬರುತ್ತೆ ಅಂತ ನನಗೆ ಗೊತ್ತೇ ಇರಲಿಲ್ಲವಲ್ಲ ಅಂತ ಈಗಲೂ ಸಂಕಟವಾಗುತ್ತದೆ.

ಅಷ್ಟು ಹೊತ್ತಿಗೆ ಮೇಡಂ ನನ್ನನ್ನು ರ‍್ಯಾಕುಗಳ ನಡುವೆ ಬಿಡುವುದಕ್ಕೆ ಶುರು ಮಾಡಿದ್ದರು. ಸಾಮಾನ್ಯವಾಗಿ ಚೀಟಿಯಲ್ಲಿ ಹೆಸರು ಬರೆದುಕೊಟ್ಟರೆ ಅಟೆಂಡರ್ ತಂದುಕೊಡುತ್ತಿದ್ದರು. ಒಳಗೆ ಹೋಗುವುದು ದೊಡ್ಡ ಭಾಗ್ಯ. ಪ್ರತಿ ಪುಸ್ತಕದ ಬೆನ್ನಿಗೆ ಒಂದು ಚೀಟಿ, ಅದರ ಮೇಲೆ ನಂಬರು. ಕನ್ನಡ ಸಾಹಿತ್ಯ 894.814. ಗಿಡಮರ 580. ಹಕ್ಕಿ 598. ಮೆಲ್ವಿಲ್ ಡ್ಯೂಯಿ ಅನ್ನುವವರು 1876ರಲ್ಲಿ ಮಾಡಿದ ಲೆಕ್ಕ ಇದು, ಲೋಕದ ಓದನ್ನೆಲ್ಲ ಹತ್ತು ಭಾಗ ಮಾಡಿದ್ದಾರೆ ಅಂತ ಮೇಡಂ ಹೇಳಿಕೊಟ್ಟರು. "ಹತ್ತು ಕೋಣೆ ಇರೋ ಮನೆ ಅಂದ್ಕೋ. ನೀನು ಎಂಟುನೂರರ ಕೋಣೆಯಲ್ಲೇ ಚಾಪೆ ಹಾಸಿಕೊಂಡಿದ್ದೀಯ. ಬೇರೆ ಕಡೆನೂ ಸ್ವಲ್ಪ ಓಡಾಡು."

ಹಾಗೆ ಕೈಗೆ ಬಂದದ್ದು ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು'. ಸಸ್ಯಶಾಸ್ತ್ರದ ಪ್ರೊಫೆಸರು, ಡಿ.ವಿ.ಜಿ.ಯವರ ಮಗ. ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡು ಸುತ್ತಿದ ಕಥೆ, ನಡುನಡುವೆ ಅವರೇ ಬರೆದ ಚಿತ್ರಗಳು. 1978ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿಜ್ಞಾನದ ಪುಸ್ತಕ ಓದುತ್ತಾ ಒಬ್ಬಳೇ ನಗಬಹುದು ಅಂತ ಅವತ್ತೇ ತಿಳಿದದ್ದು. ಆರ್ಟ್ಸ್ ಓದುವವಳಿಗೆ ಬಾಟನಿ ಯಾಕೆ ಅಂತ ಗೆಳತಿಯರು ಕೇಳಿದರು. ನಾನು ಭಾನುವಾರ ಅಪ್ಪನ ಜೊತೆ ತೋಟ ಸುತ್ತುತ್ತಾ ನೆರಳಿನ ಮರಗಳ ಹೆಸರು ಬರೆದುಕೊಳ್ಳತೊಡಗಿದೆ. ಅತ್ತಿ, ಬಸರಿ, ನಂದಿ, ಬೀಟೆ, ಹಾಲುವಾಣ. ಅಪ್ಪನಿಗೆ ಎಲ್ಲಾ ಗೊತ್ತಿತ್ತು. ಯಾವುದರ ನೆರಳು ಕಾಫಿಗೆ ಒಳ್ಳೆಯದು, ಯಾವುದನ್ನು ಮಳೆ ಹಿಡಿಯುವ ಮುಂಚೆ ಸವರಬೇಕು, ಎಲ್ಲಾ. ಅವರನ್ನು ಇದನ್ನೆಲ್ಲ ಕೇಳಿದವರೇ ಇರಲಿಲ್ಲ.

ಗಿರೀಶ ಕಾರ್ನಾಡರ 'ತುಘಲಕ್' ಒಂದೇ ಮಧ್ಯಾಹ್ನಕ್ಕೆ ಮುಗಿಯಿತು. ಬೇಂದ್ರೆಯವರು ಮಾತ್ರ ಅವತ್ತು ನನಗೆ ದಕ್ಕಲಿಲ್ಲ. ಎರಡು ಸಲ ತಂದೆ, ಎರಡು ಸಲ ವಾಪಸ್ ಕೊಟ್ಟೆ. ಮೇಡಂ ಒತ್ತಾಯ ಮಾಡಲಿಲ್ಲ. "ಇರಲಿ ಬಿಡು, ಅವರು ಎಲ್ಲಿಗೂ ಹೋಗಲ್ಲ" ಅಂದರು.

ತ್ರಿವೇಣಿಯವರ ಪುಸ್ತಕದ ವಿಷಯ ಬೇರೆಯೇ. 'ಶರಪಂಜರ' ನನ್ನ ಕಾರ್ಡಿನ ಮೇಲೆ ಬಂದರೂ ಅದನ್ನು ಓದಿದ್ದು ಅಮ್ಮ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವರು. ನಾನು ಚೀಲದಿಂದ ತೆಗೆದಿಟ್ಟ ಪುಸ್ತಕ ಅಡುಗೆಮನೆಗೆ ಹೋಗಿ, ಅಲ್ಲಿಂದ ದಿಂಬಿನ ಕೆಳಗೆ ಹೋಯಿತು. ಹೆರಿಗೆ ಆದ ಮೇಲೆ ಮನಸ್ಸು ಕೆಟ್ಟ ಹೆಂಗಸು, ವಾಸಿಯಾಗಿ ಬಂದರೂ ಮನೆಯವರೂ ಊರಿನವರೂ ಅವಳನ್ನು ಮತ್ತೆ ಹುಚ್ಚಿ ಮಾಡುವುದು. ಮುಗಿಸಿದ ದಿನ ಅಮ್ಮ ಏನೂ ಮಾತಾಡಲಿಲ್ಲ. ನಮ್ಮ ಕೆಳಗಿನ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಗಳಲ್ಲಿ, ಒಬ್ಬಳು ಹೆಂಗಸಿದ್ದಳು. ಎರಡನೇ ಮಗು ಆದಾಗಿನಿಂದ ಎಲ್ಲರೂ ಅವಳನ್ನು ಹುಚ್ಚಿ ಅಂತಲೇ ಕರೆಯುತ್ತಿದ್ದರು, ಅಮ್ಮನೂ ಕರೆದಿದ್ದರು. ಮರುದಿನ ಅಮ್ಮ ಒಂದು ಡಬ್ಬಿಯಲ್ಲಿ ಕಡುಬು ಹಾಕಿಕೊಂಡು ಲೈನಿಗೆ ಇಳಿದು ಹೋದರು. ಬಹಳ ಹೊತ್ತು ಬರಲಿಲ್ಲ. ಆಮೇಲೆ ವಾರಕ್ಕೊಂದು ಸಲವಾದರೂ ಹೋಗುತ್ತಿದ್ದರು, ಅವಳ ಹೆಸರು ಹಿಡಿದು ಕರೆಯುತ್ತಿದ್ದರು. ತ್ರಿವೇಣಿ 1963ರಲ್ಲೇ ತೀರಿಕೊಂಡರು, ಮೂವತ್ತೈದೂ ತುಂಬಿರಲಿಲ್ಲ. ಇದನ್ನು ಅಮ್ಮನಿಗೆ ಹೇಳಿದಾಗ, "ಅಯ್ಯೋ, ನಂಗಿಂತ ಚಿಕ್ಕೋಳು" ಅಂತ ಅತ್ತರು.

ಈಗ ನನ್ನ ತಪ್ಪಿನ ವಿಷಯ ಹೇಳಲೇಬೇಕು.

ಎರಡನೇ ವರ್ಷದ ಮಳೆಗಾಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ತಂದಿದ್ದೆ. 1967ರಲ್ಲಿ ಬಂದ ದೊಡ್ಡ ಪುಸ್ತಕ, ಲೈಬ್ರರಿಯಲ್ಲಿ ಇದ್ದದ್ದು ಒಂದೇ ಪ್ರತಿ. ಗುತ್ತಿಯ ಹಿಂದೆ, ಅವನ ನಾಯಿ ಹುಲಿಯನ ಹಿಂದೆ ನಾನೂ ಕಾಡಿನಲ್ಲಿ ನಡೆಯುತ್ತಿದ್ದೆ. ಪುಸ್ತಕದೊಳಗೂ ಮಳೆ, ಹೊರಗೂ ಮಳೆ. ಒಳಗೂ ರಕ್ತ ಹೀರುವ ಇಂಬಳ, ನನ್ನ ಕಾಲಲ್ಲೂ ಇಂಬಳ. ಬಸ್ ಇಳಿದು ಬರುವಾಗ ಹಳ್ಳ ಉಕ್ಕಿತ್ತು. ಸಂಕದ ಮೇಲೆ ಕಾಲು ಜಾರಿತು. ನನಗೇನೂ ಆಗಲಿಲ್ಲ, ಚೀಲ ನೀರಿಗೆ ಬಿತ್ತು. ಎತ್ತುವಷ್ಟರಲ್ಲಿ ಪುಸ್ತಕ ನೆಂದು ಎರಡರಷ್ಟು ದಪ್ಪ ಆಗಿತ್ತು.

ನಾನು ಅಳುತ್ತಾ ಕೂತೆ. ಅಪ್ಪ ಬೈಯಲಿಲ್ಲ. ಬಟ್ಟೆಯಲ್ಲಿ ಒತ್ತಿ ನೀರು ತೆಗೆದು, ಬೀರುವಿನಿಂದ ಖಾಲಿ ಚೆಕ್‌ರೋಲ್ ಹಾಳೆಗಳ ಕಟ್ಟು ತಂದರು. ಹೆಂಚಿನ ಮೇಲಿನ ದೋಸೆ ಎಬ್ಬಿಸುವ ಹಾಗೆ ಒಂದೊಂದೇ ಪುಟವನ್ನು ನಿಧಾನಕ್ಕೆ ಬಿಡಿಸುವುದು, ನಡುವೆ ಒಂದು ಹಾಳೆ ಇಡುವುದು. ಲಾಟೀನಿನ ಬೆಳಕು. ಕರೆಂಟು ಹೋಗಿ ಎರಡು ದಿನವಾಗಿತ್ತು. ಹಾಳೆ ನೀರು ಹೀರಿದ ಮೇಲೆ ಅದನ್ನು ತೆಗೆದು ಬೇರೆ ಇಡುವುದು. ರಾತ್ರಿ ಒಂದು ಗಂಟೆಯವರೆಗೂ ಅದೇ ಕೆಲಸ. ಆಮೇಲೆ ಒಲೆಯ ಮೇಲಿನ ಅಟ್ಟದಲ್ಲಿ, ಅಡಿಕೆ ಒಣಗಿಸುವ ಜಾಗದಲ್ಲಿ ಎಂಟು ದಿನ ಇಟ್ಟರು. ಪುಟ ಹರಿಯಲಿಲ್ಲ. ಅಕ್ಷರ ಹೋಗಲಿಲ್ಲ. ಆದರೆ ಪುಸ್ತಕ ಉಬ್ಬಿ, ಅಲೆ ಅಲೆಯಾಗಿ, ಹೊಗೆಯ ವಾಸನೆ ಹಿಡಿದಿತ್ತು.

ಮೇಡಂ ಮುಂದೆ ಇಟ್ಟು ತಲೆ ತಗ್ಗಿಸಿ ನಿಂತೆ. ಹಾಳಾದ ಪುಸ್ತಕಕ್ಕೆ ಹೊಸ ಪ್ರತಿ ತಂದುಕೊಡಬೇಕು, ಇಲ್ಲವೇ ದುಡ್ಡು ಕಟ್ಟಬೇಕು, ಅದು ನಿಯಮ. ನಮ್ಮ ಹತ್ತಿರ ಅಷ್ಟು ದುಡ್ಡಿರಲಿಲ್ಲ. ಮೇಡಂ ಪುಸ್ತಕ ತೆರೆದರು. ನಡುವೆ ಎಲ್ಲೋ ಒಂದು ಚೆಕ್‌ರೋಲ್ ಹಾಳೆ ಉಳಿದುಹೋಗಿತ್ತು. ಅದನ್ನು ಕೈಗೆ ತಗೊಂಡು, "ಯಾರು ಮಾಡಿದ್ದು ಇದನ್ನ?" ಅಂತ ಕೇಳಿದರು. ಅಪ್ಪ ಅಂದೆ. ಎಷ್ಟು ಹೊತ್ತು ಹಿಡೀತು ಅಂತ ಕೇಳಿದರು. ಹೇಳಿದೆ. ಪುಸ್ತಕ ಮುಚ್ಚಿ, ಸೀಲು ಹೊಡೆದು, ಕಾರ್ಡು ವಾಪಸ್ ಕೊಟ್ಟರು. "ಓದಿ ಮುಗೀತಾ?" ಇಲ್ಲ ಮೇಡಂ ಅಂದೆ. "ಹಾಗಾದ್ರೆ ಮತ್ತೆ ತಗೊಂಡು ಹೋಗು."

ಡಿಗ್ರಿ ಮುಗಿದು, ಕೆಲಸ ಸಿಕ್ಕಿ ಹಾಸನಕ್ಕೆ ಬಂದೆ. ಇಲ್ಲಿಗೇ ಮದುವೆಯಾಗಿ ಇಲ್ಲೇ ಉಳಿದೆ. ಕಾರ್ಡು ಇಲ್ಲದಿದ್ದರೂ ಎರಡು ಪುಸ್ತಕದ ಅಭ್ಯಾಸ ಬಿಟ್ಟಿಲ್ಲ. ಒಂದು ನನ್ನಿಷ್ಟದ್ದು, ಇನ್ನೊಂದು ನಾನು ಸಾಮಾನ್ಯವಾಗಿ ಮುಟ್ಟದ ಕಡೆಯದು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಪ್ರವಾಸ ಕಥನ ಹೀಗೇ ಸಿಕ್ಕಿತು. ಭೈರಪ್ಪನವರ 'ಗೃಹಭಂಗ'ವನ್ನೂ ಇಲ್ಲಿಗೆ ಬಂದ ಮೇಲೇ ಓದಿದ್ದು. ಅವರು ಚನ್ನರಾಯಪಟ್ಟಣ ತಾಲೂಕಿನ ಸಂತೇಶಿವರದವರು. ಗಂಡನ ಶಾನುಭೋಗಿಕೆಯ ಲೆಕ್ಕವನ್ನು ನಂಜಮ್ಮ ಕೂತು ಬರೆಯುವ ಕಡೆ, ಚೆಕ್‌ರೋಲ್ ಮೇಲೆ ಬಗ್ಗಿರುತ್ತಿದ್ದ ಅಪ್ಪನ ಬೆನ್ನು ಕಂಡು ಪುಸ್ತಕ ಮುಚ್ಚಿಟ್ಟೆ. ಬೇಂದ್ರೆಯವರೂ ದಕ್ಕಿದರು, ನಲವತ್ತು ದಾಟಿದ ಮೇಲೆ.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಹಾಸನದ ಬೀದಿಯಲ್ಲೆಲ್ಲ ಅದೇ ಮಾತು. ದೀಪಾ ಭಾಸ್ತಿ ಇಂಗ್ಲಿಷಿಗೆ ತಂದ ಕಥೆಗಳು. ಕನ್ನಡಕ್ಕೆ ಇದೇ ಮೊದಲು. ನನಗೆ ನೆನಪಾದದ್ದು ಬಿ.ಎ. ಕೊನೆಯ ವರ್ಷ. 'ಹೆಜ್ಜೆ ಮೂಡಿದ ಹಾದಿ', 1990ರಲ್ಲಿ ಬಂದ ಅವರ ಮೊದಲ ಕಥಾಸಂಕಲನ. ಅದು ಕೂಡ ಎರಡನೇ ಕಾರ್ಡಿನದೇ. "ಹಾಸನದವರು, ಚೆನ್ನಾಗಿ ಬರೀತಾರೆ" ಅಂತಷ್ಟೇ ಹೇಳಿ ಕೊಟ್ಟಿದ್ದರು ಮೇಡಂ. ನಮ್ಮ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳತಿಯ ಮನೆಯೊಳಗಿನ ಬದುಕು ಮೂರು ವರ್ಷದ ಸ್ನೇಹದಲ್ಲಿ ತಿಳಿಯದ್ದು ಆ ಕಥೆಗಳಿಂದ ಸ್ವಲ್ಪ ತಿಳಿಯಿತು. ಪುಸ್ತಕವನ್ನು ಅವಳಿಗೂ ಕೊಟ್ಟೆ. ಅವಳು ಓದಿ, ತನ್ನ ಅಕ್ಕನ ವಿಷಯ ಮೊದಲ ಸಲ ನನ್ನ ಹತ್ತಿರ ಮಾತಾಡಿದಳು.

ಹೋದ ತಿಂಗಳು ಕಾಲೇಜಿಗೆ ಬಂದಿದ್ದೆ. ಲೈಬ್ರರಿ ಈಗ ದೊಡ್ಡದಾಗಿದೆ, ಕಂಪ್ಯೂಟರ್ ಇದೆ, ರ‍್ಯಾಕುಗಳ ನಡುವೆ ಯಾರು ಬೇಕಾದರೂ ಓಡಾಡಬಹುದು. 894.814 ಹುಡುಕಿಕೊಂಡು ಹೋದೆ. ಆ ಉಬ್ಬಿದ ಪುಸ್ತಕ ಅಲ್ಲಿರಲಿಲ್ಲ. ಹಳೆಯದಾದವನ್ನು ತೆಗೆದಿದ್ದಾರೆ, ಅದು ಸಹಜ. ನಾನು ಕೊಡುವುದಕ್ಕೆ ಅಂತ ಒಂದಿಷ್ಟು ಪುಸ್ತಕ ತಂದಿದ್ದೆ, ಮೇಲೆ 'ಮಲೆಗಳಲ್ಲಿ ಮದುಮಗಳು', ಹೊಸ ಪ್ರತಿ. ಅವತ್ತು ಕೊಡಬೇಕಾಗಿದ್ದದ್ದು.

ಕೌಂಟರಿನಲ್ಲಿದ್ದ ಹುಡುಗಿ ರಿಜಿಸ್ಟರ್ ತೆಗೆದು, "ದಾನಿಗಳ ಹೆಸರು ಏನಂತ ಬರ್ಕೊಳ್ಳಲಿ ಮೇಡಂ?" ಅಂತ ಕೇಳಿದಳು.

ಅಪ್ಪನ ಹೆಸರು ಹೇಳಿದೆ.