ರಿಪೇರಿ ಆರ್ಡರಿನ ಮೊದಲ ಸಾಲು, ಸ್ಯಾಲಿ ಟ್ಯಾನರ್ ಹಾಕಿದ ಲೆಕ್ಕ

ಕ್ಯಾಲಿಫೋರ್ನಿಯಾದಲ್ಲಿ ಕಾರ್ ಡೀಲರ್‌ಶಿಪ್ಪಿನ ಸರ್ವಿಸ್ ಕೌಂಟರಿಗೆ ಹೊಸದಾಗಿ ಸೇರುವವರಿಗೆ ಮೊದಲ ದಿನವೇ ಹೇಳಬೇಕಾದ ಹೆಸರು ಸ್ಯಾಲಿ ಟ್ಯಾನರ್. ಎಲ್ ಮಾಂಟೆ ಕಡೆಯಿಂದ 1978ರಲ್ಲಿ ರಾಜ್ಯದ ಅಸೆಂಬ್ಲಿಗೆ ಆರಿಸಿ ಬಂದು 1992ರವರೆಗೆ ಶಾಸಕಿಯಾಗಿದ್ದವರು. ವಿಷಕಾರಿ ವಸ್ತುಗಳ ನಿಯಂತ್ರಣಕ್ಕೂ ದುಡಿದವರು. ನಮ್ಮ ಕೌಂಟರಿಗೆ ದಿನವೂ ಸಂಬಂಧಪಡುವುದು ಅವರು 1982ರಲ್ಲಿ ಪಾಸು ಮಾಡಿಸಿದ ಲೆಮನ್ ಲಾ, ಅಂದರೆ ಹೊಸ ಗಾಡಿಯೇ ಡಕೋಟಾ ಆಗಿ ಕೈಗೆ ಬಂದರೆ ಏನು ಎನ್ನುವ ಕಾನೂನು.

ವಾರಂಟಿ ಕಾಯಿದೆ ಮೊದಲೇ ಇತ್ತು. 1970ರ ಸಾಂಗ್-ಬೆವರ್ಲಿ ಕಾಯಿದೆ ಪ್ರಕಾರ, ತಕ್ಕಷ್ಟು ಸಲ ರಿಪೇರಿ ಮಾಡಿಯೂ ಸರಿಹೋಗದಿದ್ದರೆ ಕಂಪನಿ ಬದಲಿ ಕೊಡಬೇಕು, ಇಲ್ಲ ದುಡ್ಡು ವಾಪಸ್ ಮಾಡಬೇಕು. ಆದರೆ ತಕ್ಕಷ್ಟು ಅಂದರೆ ಎಷ್ಟು? ಅದು ಅಲ್ಲಿರಲಿಲ್ಲ. ಹಾಗಾಗಿ 'ಇನ್ನೊಂದ್ಸಲ ಗಾಡಿ ಬಿಟ್ಟು ಹೋಗಿ ನೋಡೋಣ' ಎನ್ನುವ ಮಾತಿಗೆ ಕೊನೆಯೇ ಇರಲಿಲ್ಲ. ಟ್ಯಾನರ್ ಅಲ್ಲಿಗೆ ಅಂಕಿ ತಂದು ಕೂರಿಸಿದರು. ಮೊದಲು 12 ತಿಂಗಳು ಅಥವಾ 12,000 ಮೈಲಿ ಇದ್ದ ಗಡುವು ಈಗ 18 ತಿಂಗಳು ಅಥವಾ 18,000 ಮೈಲಿ, ಯಾವುದು ಮೊದಲೋ ಅದು. ಅಷ್ಟರೊಳಗೆ ಒಂದೇ ದೋಷಕ್ಕೆ 4 ಸಲ ರಿಪೇರಿ ಆಗಿದ್ದರೆ, ಬ್ರೇಕು ಸ್ಟೀರಿಂಗಿನಂಥ ಜೀವಕ್ಕೆ ಅಪಾಯದ ದೋಷಕ್ಕೆ 2 ಸಲ ಆಗಿದ್ದರೆ, ಅಥವಾ ಗಾಡಿ ಒಟ್ಟು 30 ದಿನಕ್ಕಿಂತ ಹೆಚ್ಚು ಶೆಡ್ಡಿನಲ್ಲೇ ನಿಂತಿದ್ದರೆ, ಕಂಪನಿಗೆ ಸಾಕಷ್ಟು ಅವಕಾಶ ಸಿಕ್ಕಿತ್ತು ಎಂದು ಕಾನೂನು ಭಾವಿಸುತ್ತದೆ. ದೋಷ ಗಾಡಿಯ ಬಳಕೆ, ಬೆಲೆ ಇಲ್ಲವೇ ಸುರಕ್ಷತೆಗೆ ಗಣನೀಯ ಪೆಟ್ಟು ಕೊಡುವಂಥದ್ದಾಗಿರಬೇಕು ಅನ್ನುವುದು ಬೇರೆ ಷರತ್ತು.

ಕಾನೂನು ಎಣಿಕೆಯ ಮೇಲೆ ನಿಂತಿದೆ. ಎಣಿಕೆ ನಡೆಯುವುದು ನಮ್ಮ ಕೈಯ ರಿಪೇರಿ ಆರ್ಡರಿನಲ್ಲಿ, ಅಂದರೆ ಗಾಡಿ ಬಂದಾಗ ದೂರು ಮತ್ತು ಮಾಡಿದ ಕೆಲಸ ಬರೆದಿಡುವ ಕಾಗದದಲ್ಲಿ. ತಪ್ಪು ಆಗುವುದೂ ಅಲ್ಲೇ.

ಒಂದು ಉದಾಹರಣೆ ಹಿಡಿಯೋಣ. ಗ್ರಾಹಕರು ಹೇಳುವುದು: 'ತಣ್ಣಗಿದ್ದಾಗ 25ರಿಂದ 30 ಮೈಲಿ ವೇಗದಲ್ಲಿ ಗೇರ್ ಬದಲಾಗುವಾಗ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಎಳೆಯುತ್ತೆ.' ಮೊದಲ ಸಲ ಕೌಂಟರಿನಲ್ಲಿ ದೂರು ಬರೆದುಕೊಳ್ಳುವ ಅಡ್ವೈಸರ್ ಬರೆಯುತ್ತಾರೆ: ಟ್ರಾನ್ಸ್‌ಮಿಷನ್ ಚೆಕ್. ಎರಡನೇ ಸಲ ಇನ್ನೊಬ್ಬರು: ಸಾಫ್ಟ್‌ವೇರ್ ಅಪ್‌ಡೇಟ್. ಮೂರನೇ ಸಲ: ಎಂಜಿನ್ ವೈಬ್ರೇಶನ್. ಕಾಗದದ ಮೇಲೆ ಇವು ಮೂರು ಬೇರೆ ಬೇರೆ ದೂರು, ಒಂದೊಂದಕ್ಕೆ ಒಂದೊಂದೇ ಪ್ರಯತ್ನ. ಆದ್ದರಿಂದ ದೂರು ಗ್ರಾಹಕರ ಬಾಯಿಮಾತಿನಲ್ಲೇ ಇರಲಿ, ವೇಗ, ಹವೆ, ಎಷ್ಟು ಹೊತ್ತಿಗೊಮ್ಮೆ ಎಂಬುದರ ಸಮೇತ. ಮುಂದಿನ ಸಲ ಹಳೆಯ ಆರ್ಡರ್ ತೆಗೆದು ಅದೇ ಸಾಲನ್ನು ಮತ್ತೆ ಬರೆಯಿರಿ. ಕಾರಣ ಮತ್ತು ಮಾಡಿದ ಕೆಲಸ ಅದರ ಕೆಳಗೆ ಬರಲಿ. 'ದೋಷ ಕಾಣಿಸಲಿಲ್ಲ' ಎಂದು ಬರೆದು ಮುಗಿಸುವ ಮುಂಚೆ ಟೆಕ್ನಿಷಿಯನ್ ಪಕ್ಕದಲ್ಲಿ ಗ್ರಾಹಕರನ್ನು ಕೂರಿಸಿ ಒಂದು ರೌಂಡ್ ಹೋಗಿ ಬರಬೇಕು. ಬೆಳಗಿನ ತಣ್ಣನೆ ಎಂಜಿನ್ನಿನ ದೋಷವನ್ನು ಮಧ್ಯಾಹ್ನ ಬಿಸಿ ಎಂಜಿನ್ನಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ರಾತ್ರಿ ಗಾಡಿ ಇಟ್ಟುಕೊಳ್ಳಿ.

ಇದಕ್ಕಿಂತ ಕೆಟ್ಟದ್ದು ಆರ್ಡರೇ ತೆರೆಯದೆ 'ಸುಮ್ಮನೆ ಒಂದು ಕಣ್ಣು ಹಾಯಿಸಿ' ಕಳಿಸುವುದು. ಇದರ ನಷ್ಟ ಡಾಲರಿನಲ್ಲೇ ಲೆಕ್ಕ ಹಾಕಬಹುದು. ದುಡ್ಡು ವಾಪಸ್ ಬರುವಾಗ ಬಳಕೆಗೆಂದು ಕಳೆಯುವ ಮೊತ್ತ ಇದು: ಮೊದಲ ಸಲ ಆ ದೋಷಕ್ಕೆ ತಂದಾಗ ಓಡಿದ್ದ ಮೈಲಿಯನ್ನು 1,20,000ರಿಂದ ಭಾಗಿಸಿ, ಗಾಡಿಯ ಬೆಲೆಯಿಂದ ಗುಣಿಸಿ. 45,000 ಡಾಲರಿನ ಕಾರು 6,000 ಮೈಲಿಗೆ ಬಂದಿದ್ದರೆ ಕಡಿತ 2,250 ಡಾಲರ್. ಆಗ ಆರ್ಡರ್ ಬರೆಯದೆ ಕಳಿಸಿ, 12,000 ಮೈಲಿಯಲ್ಲಿ ಬಂದಾಗ ಬರೆದರೆ ಕಾಗದದ ಪ್ರಕಾರ ಕಡಿತ 4,500. ಒಬ್ಬರ ಸೋಮಾರಿತನಕ್ಕೆ ಇನ್ನೊಬ್ಬರು 2,250 ಡಾಲರ್ ತೆರುವುದು ಅನ್ಯಾಯ. ವಾರಂಟಿ ಕೆಲಸಕ್ಕೂ ಇನ್‌ವಾಯ್ಸ್ ಬರೆದು ಪ್ರತಿ ಕೊಡಲೇಬೇಕು ಎಂದು ರಾಜ್ಯದ ಕಾನೂನು ಹೇಳುತ್ತದೆ, ಬಿಲ್ ಸೊನ್ನೆ ಇದ್ದರೂ ಸರಿ.

ದಿನಗಳ ಎಣಿಕೆಯಲ್ಲೂ ಹೀಗೇ. ಶುಕ್ರವಾರ ಸಂಜೆ ಕೀ ತೆಗೆದುಕೊಂಡು ಸೋಮವಾರ ಆರ್ಡರ್ ತೆರೆದರೆ ಕಾಗದದಲ್ಲಿ ಮೂರು ದಿನ ಮಾಯ. 30 ದಿನ ಒಟ್ಟಿಗೇ ಆಗಬೇಕಿಲ್ಲ, ಬಿಡಿಬಿಡಿಯಾಗಿ ಕೂಡುತ್ತವೆ, ರಜೆಯ ದಿನಗಳೂ ಸೇರುತ್ತವೆ.

ಇಲ್ಲಿನ ಕನ್ನಡದವರು ಮತ್ತೆ ಮತ್ತೆ ಕೇಳುವ ಒಂದೆರಡು ವಿಷಯ. 18 ತಿಂಗಳು ದಾಟಿದರೆ ಹಕ್ಕು ಹೋಗುವುದಿಲ್ಲ. ಹೋಗುವುದು ಕಂಪನಿಗೆ ಸಾಕಷ್ಟು ಅವಕಾಶ ಸಿಕ್ಕಿತ್ತು ಎಂದು ಕಾನೂನೇ ಭಾವಿಸುವ ಅನುಕೂಲ ಮಾತ್ರ, ವಾರಂಟಿಯೊಳಗೆ ಬಂದ ದೋಷಕ್ಕೆ ಮೂಲ ಕಾಯಿದೆ ಇದ್ದೇ ಇದೆ. 4 ಸಲ ಅಥವಾ 2 ಸಲದ ಲೆಕ್ಕ ಬಳಸುವವರು ಕಂಪನಿಗೆ ನೇರವಾಗಿ ತಿಳಿಸಬೇಕೆಂದು ವಾರಂಟಿ ಪುಸ್ತಕದಲ್ಲಿ ಬರೆದಿದ್ದರೆ ಹಾಗೇ ಮಾಡಬೇಕು. ಡೀಲರಿಗೆ ಹೇಳಿದ್ದು ಸಾಲದು. ಪುಸ್ತಕದಲ್ಲಿರುವ ವಿಳಾಸಕ್ಕೆ ಸರ್ಟಿಫೈಡ್ ಮೇಲ್ ಹಾಕಿ ರಸೀದಿ ಇಟ್ಟುಕೊಳ್ಳಿ. ರಾಜ್ಯದ ಮಾನ್ಯತೆ ಪಡೆದ ಆರ್ಬಿಟ್ರೇಶನ್, ಅಂದರೆ ಕೋರ್ಟಿನ ಹೊರಗೆ ತಕರಾರು ತೀರಿಸುವ ವ್ಯವಸ್ಥೆ, ಕಂಪನಿಗೆ ಇದ್ದರೆ, ಆ ಲೆಕ್ಕದ ಅನುಕೂಲ ಬೇಕಾದವರು ಮೊದಲು ಅಲ್ಲಿಗೆ ಹೋಗಬೇಕು. ತೀರ್ಪು ಗ್ರಾಹಕರಿಗೆ ಒಪ್ಪಿಗೆಯಾದರೆ ಕಂಪನಿ ಪಾಲಿಸಲೇಬೇಕು, ಒಪ್ಪದಿದ್ದರೆ ಕೋರ್ಟಿನ ದಾರಿ ತೆರೆದೇ ಇರುತ್ತದೆ. 2025ರಿಂದ ಲೆಮನ್ ಲಾ ದಾವೆಗಳ ಹೊಸ ವಿಧಾನಕ್ಕೆ ಒಪ್ಪಿಕೊಂಡ ಕಂಪನಿಗಳ ಗಾಡಿಗಳಿಗೆ ಗಡುವು ಬಿಗಿಯಾಗಿದೆ: ವಾರಂಟಿ ಮುಗಿದ 1 ವರ್ಷದೊಳಗೆ ದಾವೆ ಹಾಕಬೇಕು, ಡೆಲಿವರಿಯಾದ 6 ವರ್ಷ ಮೀರಬಾರದು.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಒಂದು ಮಾತು. ಹೀಗೆ ವಾಪಸ್ ಪಡೆದ ಗಾಡಿಯನ್ನು ಕಂಪನಿ ಮತ್ತೆ ಮಾರುವಾಗ ಟೈಟಲ್ (ಗಾಡಿಯ ಒಡೆತನದ ಪತ್ರ) ಮೇಲೆ 'ಲೆಮನ್ ಲಾ ಬೈಬ್ಯಾಕ್' ಎಂದು ನಮೂದಾಗಬೇಕು, ದೋಷ ಏನಿತ್ತೆಂದು ಬರೆದು ತಿಳಿಸಬೇಕು, ಆ ದೋಷಕ್ಕೆ 1 ವರ್ಷ ವಾರಂಟಿ ಕೊಡಬೇಕು. ಎಡಗಡೆಯ ಬಾಗಿಲು ತೆಗೆದು ಚೌಕಟ್ಟು ನೋಡಿ, ಸ್ಟಿಕ್ಕರ್ ಅಲ್ಲೇ ಅಂಟಿಸಿರುತ್ತಾರೆ. ಕೆರೆದು ತೆಗೆದ ಗುರುತು ಕಂಡರೆ ಟೈಟಲ್ ಕೈಗೆ ಬರುವವರೆಗೆ ಅಡ್ವಾನ್ಸ್ ಕೊಡಬೇಡಿ.